ಕಂಪನಿ ಲಾ ಸುಲಭ, ಲೇಬರ್ ಲಾ ಕಷ್ಟ ಅನ್ನುವವರಿಗೆ

ಈ ಸಲ ವಾಣಿಜ್ಯ ಕಾನೂನು ಮತ್ತು ಕಾರ್ಮಿಕ ಕಾನೂನು ಓದುತ್ತಿರುವ ವಿದ್ಯಾರ್ಥಿಗಳ ಪ್ರಶ್ನೆಗಳನ್ನೇ ಆರಿಸಿಕೊಂಡಿದ್ದೇನೆ. ಒಂದೇ ಥರದ ಪ್ರಶ್ನೆ ಹಲವರಿಂದ ಬಂದಿದ್ದಾಗ ಸೇರಿಸಿ ಉತ್ತರಿಸಿದ್ದೇನೆ.

ಪ್ರಶ್ನೆ: ಬಿ.ಕಾಂ. ಮುಗಿಸಿ ಮೂರು ವರ್ಷದ ಎಲ್‌ಎಲ್‌ಬಿಗೆ ಸೇರಿದ್ದೇನೆ. ಕಾಂಟ್ರ್ಯಾಕ್ಟ್, ಕಂಪನಿ ಲಾ ಚೆನ್ನಾಗಿ ತಲೆಗೆ ಹೋಗುತ್ತದೆ. ಲೇಬರ್ ಲಾ ಮಾತ್ರ ಬರೀ ಆಕ್ಟ್‌ಗಳ ರಾಶಿ ಅನಿಸುತ್ತದೆ. ಸೆಕ್ಷನ್ ನೆನಪೇ ಉಳಿಯುವುದಿಲ್ಲ. ಹೇಗೆ ಓದಲಿ, ಮೇಡಂ?

ಸೆಕ್ಷನ್ ಬಾಯಿಪಾಠ ಸದ್ಯಕ್ಕೆ ಬಿಡಿ. ನಿಮಗೆ ಕಾಂಟ್ರ್ಯಾಕ್ಟ್ ಸುಲಭ ಅನಿಸುವುದಕ್ಕೆ ಕಾರಣ ಇದೆ. ಅಲ್ಲಿ ಇಬ್ಬರು ಸರಿಸಮಾನರು ಕೂತು ಮಾತಾಡಿ ಒಪ್ಪಂದ ಮಾಡಿಕೊಂಡರು ಎಂದು ಕಾನೂನು ಭಾವಿಸುತ್ತದೆ. ಲೆಕ್ಕಾಚಾರ ನೇರ. ಲೇಬರ್ ಲಾ ಶುರುವಾಗುವುದೇ ಆ ಭಾವನೆ ಸುಳ್ಳು ಎನ್ನುವಲ್ಲಿಂದ. ಕೆಲಸ ಕೊಡುವವನೂ ಕೆಲಸ ಕೇಳಿಕೊಂಡು ಬಂದವನೂ ಸಮಾನರಲ್ಲ, ಹಾಗಾಗಿ ಒಪ್ಪಂದವನ್ನು ಅವರಿಬ್ಬರಿಗೇ ಬಿಟ್ಟರೆ ಆಗದು ಎಂದು ಅದು ಹೇಳುತ್ತದೆ. ಈ ವ್ಯತ್ಯಾಸ ಹಿಡಿದುಕೊಂಡರೆ ಅರ್ಧ ಭಾರ ಇಳಿಯುತ್ತದೆ.

ನಿಮಗೆ ಈಗಾಗಲೇ ಗೊತ್ತಿರುವ ಒಂದು ಕೇಸನ್ನೇ ತೆಗೆದುಕೊಳ್ಳಿ: ಲಾಲ್‌ಮನ್ ಶುಕ್ಲಾ ವಿರುದ್ಧ ಗೌರಿ ದತ್, 1913, ಅಲಹಾಬಾದ್ ಹೈಕೋರ್ಟ್. ಯಜಮಾನನ ಮನೆಯ ಹುಡುಗ ಕಾಣೆಯಾಗುತ್ತಾನೆ. ಹುಡುಕಿಕೊಂಡು ಬಾ ಎಂದು ಗುಮಾಸ್ತನನ್ನು ಹರಿದ್ವಾರದ ಕಡೆ ಕಳಿಸುತ್ತಾರೆ. ಅವನು ಹೋದ ಮೇಲೆ ಯಜಮಾನ 501 ರೂಪಾಯಿ ಬಹುಮಾನ ಸಾರುತ್ತಾನೆ. ಗುಮಾಸ್ತ ಹುಡುಗನನ್ನು ಪತ್ತೆ ಮಾಡಿ ಕರೆತರುತ್ತಾನೆ, ಆದರೆ ಪತ್ತೆ ಮಾಡುವಾಗ ಬಹುಮಾನದ ವಿಷಯ ಅವನಿಗೆ ಗೊತ್ತಿರಲಿಲ್ಲ. ಮುಂದೆ ಕೆಲಸ ಹೋದ ಮೇಲೆ ಆ ಹಣಕ್ಕಾಗಿ ಕೋರ್ಟಿಗೆ ಹೋಗುತ್ತಾನೆ, ಸೋಲುತ್ತಾನೆ.

ಕಾಂಟ್ರ್ಯಾಕ್ಟ್ ಕ್ಲಾಸಿನಲ್ಲಿ ಇದರಿಂದ ಕಲಿಯುವುದು ಒಂದೇ: ಪ್ರಸ್ತಾಪ ಗೊತ್ತಿಲ್ಲದವನು ಅದನ್ನು ಒಪ್ಪಿಕೊಂಡ ಹಾಗಾಗುವುದಿಲ್ಲ. ಆದರೆ ತೀರ್ಪಿನಲ್ಲಿ ಇನ್ನೊಂದು ಕಾರಣವೂ ಇದೆ. ಹುಡುಕುವುದು ನೌಕರನಾಗಿ ಅವನ ಕರ್ತವ್ಯವೇ ಆಗಿತ್ತು ಎಂದು ಕೋರ್ಟ್ ಹೇಳಿತು. ಈಗ ನಿಮ್ಮನ್ನೇ ಕೇಳಿಕೊಳ್ಳಿ. ಕಾಣೆಯಾದ ಹುಡುಗನನ್ನು ಬೇರೆ ಊರಿಗೆ ಹೋಗಿ ಹುಡುಕುವುದು ಗುಮಾಸ್ತನ ಕೆಲಸವೇ? ಅವನ ಕೆಲಸ ಎಲ್ಲಿ ಶುರು, ಎಲ್ಲಿ ಕೊನೆ? ಅದನ್ನು ತೀರ್ಮಾನಿಸುವವರು ಯಾರು? ಲೇಬರ್ ಲಾ ಅಂದರೆ ಹೆಚ್ಚುಕಡಿಮೆ ಈ ಪ್ರಶ್ನೆಗಳೇ.

ಹಾಗಾಗಿ ಲೇಬರ್ ಲಾದಲ್ಲಿ ಪುಸ್ತಕದ ಮುಕ್ಕಾಲು ಪಾಲು ಜಗಳ ವ್ಯಾಖ್ಯೆಗಳ ಮೇಲೆ ನಡೆಯುತ್ತದೆ. ಕಾರ್ಮಿಕ ಯಾರು? ಉದ್ಯಮ ಯಾವುದು? ವೇತನ ಎಂದರೆ ಎಷ್ಟು? ಈ ಮೂರನ್ನು ಚೆನ್ನಾಗಿ ಓದಿ. ಉಳಿದದ್ದು ಅದರ ಹಿಂದೆ ಬರುತ್ತದೆ.

ಉದ್ಯಮಕ್ಕೆ ನಮ್ಮ ಬೆಂಗಳೂರಿನದೇ ಕೇಸ್ ಇದೆ. ದುರ್ನಡತೆಯ ಹೆಸರಿನಲ್ಲಿ ಜಲಮಂಡಳಿ ಕೆಲವು ನೌಕರರಿಗೆ ದಂಡ ಹಾಕಿ ಹಣ ಹಿಡಿದುಕೊಂಡಿತು. ನೌಕರರು ಲೇಬರ್ ಕೋರ್ಟಿಗೆ ಹೋದರು. ನಾವು ಜನರಿಗೆ ನೀರು ಕೊಡುವವರು, ನಮ್ಮದು ಉದ್ಯಮವೇ ಅಲ್ಲ, ಕೈಗಾರಿಕಾ ವಿವಾದ ಕಾಯ್ದೆ ನಮಗೆ ತಾಗುವುದಿಲ್ಲ ಎಂದಿತು ಮಂಡಳಿ. ಜಗಳ ಸುಪ್ರೀಂ ಕೋರ್ಟ್‌ವರೆಗೆ ಹೋಗಿ, 1978ರಲ್ಲಿ 7 ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟಿತು. ವ್ಯವಸ್ಥಿತ ಚಟುವಟಿಕೆ ಇರಬೇಕು, ಮಾಲೀಕ ಮತ್ತು ನೌಕರರ ಸಹಕಾರದಿಂದ ನಡೆಯಬೇಕು, ಜನರ ಅಗತ್ಯಕ್ಕೆ ಬೇಕಾದ ವಸ್ತು ಅಥವಾ ಸೇವೆ ಕೊಡಬೇಕು. ಮೂರೂ ಇದ್ದರೆ ಅದು ಉದ್ಯಮ, ಲಾಭ ಬರಲಿ ಬಿಡಲಿ. ಈ ವ್ಯಾಖ್ಯೆ ತೀರಾ ಅಗಲವಾಯಿತು ಎಂದು ಸಂಸತ್ತು 1982ರಲ್ಲಿ ತಿದ್ದುಪಡಿ ಮಾಡಿತು, ಆದರೆ ಆ ಭಾಗ ಜಾರಿಗೇ ಬರಲಿಲ್ಲ! ದಂಡದ ಹಣದ ಜಗಳ ಇಷ್ಟು ದೂರ ಬಂತು ಎಂದು ನೆನಪಿದ್ದರೆ ತತ್ವವೂ ನೆನಪಿರುತ್ತದೆ, ಅಲ್ವಾ?

ಕಾರ್ಮಿಕ ಯಾರು ಎನ್ನುವುದಕ್ಕೆ 1957ರ ಧ್ರಾಂಗಧ್ರಾ ಕೆಮಿಕಲ್ ವರ್ಕ್ಸ್ ಕೇಸ್ ಓದಿ. ಉಪ್ಪಿನ ಗದ್ದೆಯಲ್ಲಿ ದುಡಿಯುತ್ತಿದ್ದ ಅಗರಿಯಾಗಳದ್ದು. ಅವರಿಗೆ ಗೊತ್ತಾದ ಕೆಲಸದ ಸಮಯ ಇರಲಿಲ್ಲ, ಮನೆಯವರನ್ನೂ ಕೆಲಸಕ್ಕೆ ಹಚ್ಚುತ್ತಿದ್ದರು, ಕೂಲಿ ಉಪ್ಪಿನ ತೂಕದ ಮೇಲೆ. ನೋಡಿದರೆ ಗುತ್ತಿಗೆದಾರರ ಹಾಗೇ ಕಾಣುತ್ತಾರೆ. ಆದರೂ ಅವರು ಕಾರ್ಮಿಕರೇ ಎಂದಿತು ಕೋರ್ಟ್, ಯಾಕೆಂದರೆ ಕೆಲಸ ಹೇಗೆ ನಡೆಯಬೇಕು ಎನ್ನುವ ಹಿಡಿತ ಕಂಪನಿಯ ಕೈಯಲ್ಲಿತ್ತು. ಇದನ್ನು ಓದಿ ಮುಗಿಸಿ, ಆಪ್ ನೋಡಿಕೊಂಡು ಬೈಕಿನಲ್ಲಿ ಊಟ ತಲುಪಿಸುವ ಹುಡುಗನ ಬಗ್ಗೆ ಯೋಚಿಸಿ. 1957ರ ವಾದವೇ ಮತ್ತೆ ಕೇಳಿಸುತ್ತದೆ.

ಪ್ರಶ್ನೆ: ಹೊಸ ಕಾರ್ಮಿಕ ಸಂಹಿತೆಗಳು ಬಂದಿವೆ. ನಮ್ಮ ಕಾಲೇಜಿನ ಲೈಬ್ರರಿಯಲ್ಲಿ ಇರುವುದೆಲ್ಲ ಹಳೇ ಆಕ್ಟ್‌ಗಳ ಪುಸ್ತಕ. ಯಾವುದನ್ನು ಓದಬೇಕು?

ಎರಡನ್ನೂ. ಬೇಜಾರಾಗಬೇಡಿ, ಎರಡು ಪಟ್ಟು ಕೆಲಸವೇನಲ್ಲ.

29 ಕೇಂದ್ರ ಕಾಯ್ದೆಗಳನ್ನು 4 ಸಂಹಿತೆಗಳಾಗಿ ಸೇರಿಸಿದ್ದಾರೆ. ವೇತನ ಸಂಹಿತೆ 2019ರದ್ದು. ಕೈಗಾರಿಕಾ ಸಂಬಂಧ, ಸಾಮಾಜಿಕ ಭದ್ರತೆ, ಕೆಲಸದ ಸ್ಥಳದ ಸುರಕ್ಷತೆ ಈ ಮೂರು 2020ರವು. ನಾಲ್ಕೂ ಜಾರಿಗೆ ಬಂದಿದ್ದು 2025ರ ನವೆಂಬರ್ 21ರಂದು. ಹಳೇ ಕಾಯ್ದೆಯ ಕಾಲದಲ್ಲಿ ಹುಟ್ಟಿದ ಜಗಳಗಳು ಕೋರ್ಟಿನಲ್ಲಿ ಇನ್ನೂ ಇವೆ, ಬೇಗ ಮುಗಿಯುವಂಥವೂ ಅಲ್ಲ. ಸಂಹಿತೆಯ ಪದಗಳಿಗೆ ಅರ್ಥ ಹೇಳಲು ವಕೀಲರು ಎತ್ತಿಕೊಳ್ಳುವುದೂ ಹಳೇ ತೀರ್ಪುಗಳನ್ನೇ. ಹಾಗಾಗಿ ಲೈಬ್ರರಿಯ ಪುಸ್ತಕ ವ್ಯರ್ಥವಲ್ಲ.

ನೀವು ಮಾಡಬೇಕಾದದ್ದು ಇಷ್ಟು. ಸಂಹಿತೆಯ ಬೇರ್ ಆಕ್ಟ್, ಅಂದರೆ ವಿವರಣೆಯಿಲ್ಲದ ಕಾನೂನಿನ ಮೂಲ ಪಠ್ಯ, ಕೊಂಡುಕೊಳ್ಳಿ. ಹಳೇ ಪುಸ್ತಕದ ಪ್ರತಿ ಅಧ್ಯಾಯ ಓದುವಾಗ ಅದೇ ವಿಷಯ ಹೊಸದರಲ್ಲಿ ಎಲ್ಲಿದೆ ಎಂದು ಪೆನ್ಸಿಲಿನಲ್ಲಿ ಬರೆದುಕೊಳ್ಳಿ. ಎಷ್ಟೋ ಕಡೆ ಸೆಕ್ಷನ್ ಸಂಖ್ಯೆ ಮಾತ್ರ ಬದಲಾಗಿದೆ. ಉದಾಹರಣೆಗೆ, ವರ್ಷವಿಡೀ ದುಡಿದ ಕಾರ್ಮಿಕನನ್ನು ಕೆಲಸದಿಂದ ಕಡಿತ ಮಾಡುವಾಗ ಒಂದು ತಿಂಗಳ ನೋಟಿಸ್, ಪ್ರತಿ ವರ್ಷದ ಸೇವೆಗೆ 15 ದಿನದ ವೇತನ ಎಂಬುದು ಹಾಗೇ ಇದೆ. ಬದಲಾದದ್ದನ್ನು ಬೇರೆ ಬಣ್ಣದಲ್ಲಿ ಗುರುತಿಸಿ. ಕಾರ್ಖಾನೆ ಮುಚ್ಚಲು, ಜನ ಕಡಿತ ಮಾಡಲು ಸರ್ಕಾರದ ಅನುಮತಿ ಬೇಕಾಗುತ್ತಿದ್ದದ್ದು 100 ಕಾರ್ಮಿಕರಿದ್ದಾಗ, ಈಗ 300. ಮುಷ್ಕರಕ್ಕೆ ಮುಂಚಿತ ನೋಟಿಸ್ ಮೊದಲು ಸಾರ್ವಜನಿಕ ಸೇವೆಗಳಿಗೆ ಮಾತ್ರ ಕಡ್ಡಾಯವಿತ್ತು, ಈಗ ಎಲ್ಲ ಕೈಗಾರಿಕೆಗಳಿಗೂ 14 ದಿನ. ನಿಗದಿತ ಅವಧಿಗೆ ನೇಮಕವಾದವರಿಗೆ ಒಂದು ವರ್ಷಕ್ಕೇ ಗ್ರಾಚ್ಯುಟಿ. ಪ್ರಶ್ನೆಪತ್ರಿಕೆ ತೆಗೆಯುವವರ ಕಣ್ಣು ಬೀಳುವುದು ಇಂಥ ಕಡೆಯೇ.

ಬಿ.ಕಾಂ. ಓದಿದವರಿಗೆ ವೇತನದ ಹೊಸ ವ್ಯಾಖ್ಯೆ ಇಷ್ಟವಾಗುತ್ತದೆ. ಮೂಲ ವೇತನ, ತುಟ್ಟಿಭತ್ಯೆ ಬಿಟ್ಟು ಮನೆ ಬಾಡಿಗೆ, ಪ್ರಯಾಣ ಅಂತ ಕೊಡುವ ಭತ್ಯೆಗಳು ಒಟ್ಟು ಸಂಬಳದ ಅರ್ಧ ದಾಟಿದರೆ, ದಾಟಿದಷ್ಟನ್ನು ವೇತನಕ್ಕೇ ಸೇರಿಸಬೇಕು. ತಿಂಗಳಿಗೆ 40,000 ಕೊಡುತ್ತಾರೆ, ಅದರಲ್ಲಿ ಮೂಲ ವೇತನ 14,000, ಭತ್ಯೆ 26,000 ಎಂದುಕೊಳ್ಳಿ. ಅರ್ಧ ಅಂದರೆ 20,000. ಅದನ್ನು ಮೀರಿದ 6,000 ವಾಪಸ್ ಬರುತ್ತದೆ, ಕಾನೂನಿನ ಲೆಕ್ಕಕ್ಕೆ ವೇತನ 20,000. ಮೂಲ ವೇತನ ಸಣ್ಣದಾಗಿಟ್ಟು ಗ್ರಾಚ್ಯುಟಿ ಉಳಿಸುವ ಹಳೇ ಚಾಳಿಗೆ ಇದು ಉತ್ತರ. ಒಂದು ಸಂಬಳ ಚೀಟಿ ಇಟ್ಟುಕೊಂಡು ನೀವೇ ಲೆಕ್ಕ ಹಾಕಿ ನೋಡಿ.

ಪ್ರಶ್ನೆ: ಪಿಯುಸಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವನು. ಇಂಗ್ಲಿಷ್ ತೀರ್ಪುಗಳನ್ನು ಓದಲು ಕೂತರೆ ಎರಡು ಪುಟಕ್ಕೇ ಸುಸ್ತು. ಗೈಡ್ ಓದಿದರೆ ಸಾಲದೇ?

ಪಾಸಾಗಲು ಸಾಕು. ವಕೀಲಿಕೆಗೆ ಸಾಲದು.

ತೀರ್ಪನ್ನು ಮೊದಲ ಪುಟದಿಂದ ಕೊನೆಯವರೆಗೆ ಓದಲೇಬೇಕೆಂದೇನೂ ಇಲ್ಲ. ಮೊದಲು ನಡೆದದ್ದೇನು ಎನ್ನುವ ಭಾಗ ಓದಿ, ಅದನ್ನು ಕನ್ನಡದಲ್ಲಿ ಐದು ಸಾಲು ಬರೆದುಕೊಳ್ಳಿ. ಯಾರು, ಯಾರ ಮೇಲೆ, ಏನು ಕೇಳಿದರು? ಆಮೇಲೆ ಕೊನೆಗೆ ಹೋಗಿ ಯಾರು ಗೆದ್ದರು ನೋಡಿ. ನಡುವಿನದು ಆ ಎರಡನ್ನು ಸೇರಿಸುವ ದಾರಿ, ಹುಡುಕುತ್ತಾ ಓದಬಹುದು. ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರ ತೀರ್ಪುಗಳನ್ನು ಮಾತ್ರ ಆರಂಭದಲ್ಲೇ ಕೈಗೆತ್ತಿಕೊಳ್ಳಬೇಡಿ. ಜಲಮಂಡಳಿ ತೀರ್ಪಿನ ಮುಖ್ಯ ಭಾಗ ಅವರದೇ. ಅವರ ಇಂಗ್ಲಿಷ್‌ಗೆ ಇಂಗ್ಲಿಷ್ ಮಾಧ್ಯಮದವರೂ ಡಿಕ್ಷನರಿ ತೆಗೆಯುತ್ತಾರೆ. ನಿಮ್ಮ ವಿಶ್ವವಿದ್ಯಾಲಯ ಕನ್ನಡದಲ್ಲಿ ಪರೀಕ್ಷೆ ಬರೆಯಲು ಬಿಟ್ಟರೆ ಧಾರಾಳವಾಗಿ ಬರೆಯಿರಿ. ಕಾನೂನಿನ ಪದಗಳನ್ನು ಮಾತ್ರ ಎರಡೂ ಭಾಷೆಯಲ್ಲಿ ಕಲಿಯಿರಿ. ಇನ್ನು ಲೇಬರ್ ಕೋರ್ಟಿನಲ್ಲಿ ನಿಮ್ಮ ಕಕ್ಷಿದಾರ ಮಾತಾಡುವುದು ಕನ್ನಡವೇ. ಅವನ ಕಥೆ ಸರಿಯಾಗಿ ಕೇಳಿ ಬರೆದುಕೊಳ್ಳುವವನಿಗೆ ಅಲ್ಲಿ ಬೆಲೆ ಜಾಸ್ತಿ.

ಪ್ರಶ್ನೆ: ಕಂಪನಿ ಲಾ ಓದಿದರೆ ದುಡ್ಡು, ಲೇಬರ್ ಲಾ ಓದಿದರೆ ಸಮಾಜಸೇವೆ ಅಂತಾರೆ. ನಿಜವೇ?

ಹೀಗೆ ಹೇಳುವವರು ದಿವಾಳಿ ಸಂಹಿತೆ ತೆರೆದು ನೋಡಿಲ್ಲ. 2016ರ ಆ ಕಾನೂನು ಅಪ್ಪಟ ವಾಣಿಜ್ಯ ಕಾನೂನು. ಅದರ 53ನೇ ಸೆಕ್ಷನ್, ಮುಳುಗಿದ ಕಂಪನಿಯ ಆಸ್ತಿ ಮಾರಿದ ಮೇಲೆ ಹಣ ಯಾರಿಗೆ ಮೊದಲು ಎಂದು ಹೇಳುತ್ತದೆ. ಪ್ರಕ್ರಿಯೆಯ ಖರ್ಚು ಕಳೆದ ತಕ್ಷಣ ಎರಡು ಪಂಗಡಗಳು ಸಮಾನ ಸಾಲಿನಲ್ಲಿ ನಿಲ್ಲುತ್ತವೆ: ತಮ್ಮ ಅಡಮಾನ ಬಿಟ್ಟುಕೊಟ್ಟ, ಸಾಲ ಕೊಟ್ಟ ಬ್ಯಾಂಕುಗಳು, ಮತ್ತು ಹಿಂದಿನ 24 ತಿಂಗಳ ಬಾಕಿ ಬರಬೇಕಾದ ಕಾರ್ಮಿಕರು. ಕಾರ್ಮಿಕ ಎನ್ನುವ ವ್ಯಾಖ್ಯೆಗೆ ಬಾರದ ಉದ್ಯೋಗಿಗಳು ಅವರ ಹಿಂದೆ, ಅದೂ 12 ತಿಂಗಳ ಬಾಕಿಗೆ ಮಾತ್ರ. ಒಬ್ಬ ಸೂಪರ್‌ವೈಸರ್ ಯಾವ ಸಾಲಿನಲ್ಲಿ ನಿಲ್ಲುತ್ತಾನೆ? ಇದಕ್ಕೆ ಉತ್ತರ ಲೇಬರ್ ಲಾದಲ್ಲಿದೆ, ದುಡ್ಡು ಇರುವುದು ಕಂಪನಿ ಲಾದಲ್ಲಿ. ಒಂದು ಕಂಪನಿ ಇನ್ನೊಂದನ್ನು ಕೊಳ್ಳುವಾಗಲೂ ಅಷ್ಟೇ. ಪಿಎಫ್ ಬಾಕಿ, ಗುತ್ತಿಗೆ ಕಾರ್ಮಿಕರ ಕಾಗದಪತ್ರ, ಕೋರ್ಟಿನಲ್ಲಿರುವ ವಜಾ ಪ್ರಕರಣ ಇದನ್ನೆಲ್ಲ ಓದಬಲ್ಲ ವಕೀಲ ಬೇಕೇ ಬೇಕು.

ಒಂದು ತೊಡಕನ್ನೂ ಹೇಳಿಬಿಡುತ್ತೇನೆ. 1947ರ ಕೈಗಾರಿಕಾ ವಿವಾದ ಕಾಯ್ದೆಯ 36ನೇ ಸೆಕ್ಷನ್ ಪ್ರಕಾರ, ಎದುರು ಪಕ್ಷ ಒಪ್ಪಿ ಕೋರ್ಟ್ ಅನುಮತಿ ಕೊಟ್ಟರೆ ಮಾತ್ರ ಲೇಬರ್ ಕೋರ್ಟಿನಲ್ಲಿ ವಕೀಲ ಹಾಜರಾಗಬಹುದಿತ್ತು. ದುಡ್ಡಿರುವ ಮಾಲೀಕ ದೊಡ್ಡ ವಕೀಲರನ್ನು ತಂದು ಕಾರ್ಮಿಕನನ್ನು ಮಣಿಸಬಾರದು ಎಂಬ ಉದ್ದೇಶ. ಹೊಸ ಸಂಹಿತೆಯೂ ಇದೇ ದಾರಿ ಹಿಡಿದಿದೆ. ಲೇಬರ್ ಕೋರ್ಟಿನ ವಕೀಲಿಕೆಯನ್ನೇ ನೆಚ್ಚಿಕೊಳ್ಳುವವರಿಗೆ ಇದು ಗೊತ್ತಿರಬೇಕು.

ಪ್ರಶ್ನೆ: ಪರೀಕ್ಷೆಯಲ್ಲಿ ಬಂದ ಸಮಸ್ಯೆ. ಕಂಪನಿಯೊಂದು ತರಬೇತಿ ಕೊಟ್ಟು ಉದ್ಯೋಗಿಯಿಂದ ಬಾಂಡ್ ಬರೆಸಿಕೊಳ್ಳುತ್ತದೆ. ಎರಡು ವರ್ಷದೊಳಗೆ ಬಿಟ್ಟರೆ 3 ಲಕ್ಷ ಕಟ್ಟಬೇಕು. ಬಿಟ್ಟ ಮೇಲೂ ಒಂದು ವರ್ಷ ಪ್ರತಿಸ್ಪರ್ಧಿ ಕಂಪನಿಗೆ ಸೇರುವಂತಿಲ್ಲ. ನಾನು ಬಾಂಡ್ ಪೂರ್ತಿ ಅಸಿಂಧು ಎಂದು ಬರೆದೆ. ಅಂಕ ಕಮ್ಮಿ ಬಂತು, ಯಾಕೆ?

ಎರಡು ಷರತ್ತುಗಳನ್ನು ಒಂದೇ ಗಂಟು ಕಟ್ಟಿದ್ದಕ್ಕೆ. ಬಿಟ್ಟ ಮೇಲೆ ಬೇರೆಡೆ ಸೇರಬಾರದು ಎನ್ನುವುದು ಕಾಂಟ್ರ್ಯಾಕ್ಟ್ ಆಕ್ಟ್‌ನ 27ನೇ ಸೆಕ್ಷನ್‌ಗೆ ಎದುರು, ಅದು ನಿಲ್ಲುವುದಿಲ್ಲ. ಅಷ್ಟರ ಮಟ್ಟಿಗೆ ನೀವು ಬರೆದದ್ದು ಸರಿ. ಆದರೆ ಸೇವೆಯಲ್ಲಿ ಇರುವಾಗಿನ ಕಟ್ಟುಪಾಡು ಬೇರೆ. 1967ರ ಗೋಲಿಕರಿ ಪ್ರಕರಣದಿಂದಲೂ ಕೋರ್ಟುಗಳು ಅದನ್ನು ಒಪ್ಪುತ್ತಾ ಬಂದಿವೆ. 2025ರ ಮೇ ತಿಂಗಳಲ್ಲಿ ವಿಜಯ ಬ್ಯಾಂಕ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಮೂರು ವರ್ಷಕ್ಕೆ ಮುಂಚೆ ಬಿಟ್ಟರೆ 2 ಲಕ್ಷ ಎಂಬ ಷರತ್ತನ್ನು ಎತ್ತಿಹಿಡಿಯಿತು. ಅಲ್ಲಿ ಕರ್ನಾಟಕ ಹೈಕೋರ್ಟ್ ಉದ್ಯೋಗಿಯ ಪರ ಹೇಳಿತ್ತು. ಸಾರ್ವಜನಿಕ ಬ್ಯಾಂಕು ಮತ್ತೆ ದೊಡ್ಡ ನೇಮಕಾತಿ ಪ್ರಕ್ರಿಯೆ ನಡೆಸಬೇಕಾಗುತ್ತದೆ ಎನ್ನುವುದೂ ಸುಪ್ರೀಂ ಕೋರ್ಟಿನ ಒಂದು ಕಾರಣ. ನಿಮ್ಮ ಸಮಸ್ಯೆಯಲ್ಲಿರುವುದು ಖಾಸಗಿ ಕಂಪನಿಯಾದರೆ ಆ ಕಾರಣ ಎಷ್ಟು ಅನ್ವಯಿಸುತ್ತದೆ ಎಂದು ಚರ್ಚಿಸಿದ್ದರೆ ಅಂಕ ಸಿಗುತ್ತಿತ್ತು.

ಆಮೇಲೆ 3 ಲಕ್ಷದ ಲೆಕ್ಕ. 74ನೇ ಸೆಕ್ಷನ್ ಪ್ರಕಾರ ಬಾಂಡಿನಲ್ಲಿ ಬರೆದ ಮೊತ್ತ ಗರಿಷ್ಠ ಮಿತಿ ಮಾತ್ರ, ಸಿಗುವುದು ನ್ಯಾಯವಾದ ಪರಿಹಾರ. ತರಬೇತಿಗೆ ಕಂಪನಿ ಖರ್ಚು ಮಾಡಿದ್ದು ಎಷ್ಟು? ಉದ್ಯೋಗಿ ಎಷ್ಟು ತಿಂಗಳು ದುಡಿದುಕೊಟ್ಟ? ಇದನ್ನು ಕೇಳಬೇಕಿತ್ತು.

ಕೊನೆಗೆ ಲೇಬರ್ ಲಾ ಬರುವ ಜಾಗ. ಸಹಿ ಹಾಕುವಾಗ ಅವನಿಗೆ ಬೇಡ ಎನ್ನುವ ಶಕ್ತಿ ಇತ್ತೇ? 1986ರ ಬ್ರಜೋನಾಥ್ ಗಂಗೂಲಿ ಪ್ರಕರಣದಲ್ಲಿ, ಮೂರು ತಿಂಗಳ ನೋಟಿಸ್ ಕೊಟ್ಟು ಕಾರಣ ಹೇಳದೆ ಯಾರನ್ನಾದರೂ ತೆಗೆಯಬಹುದು ಎಂಬ ಸರ್ಕಾರಿ ನಿಗಮದ ನಿಯಮವನ್ನು ಸುಪ್ರೀಂ ಕೋರ್ಟ್ ರದ್ದು ಮಾಡಿತು. ಇಬ್ಬರ ಬಲ ಸಮವಲ್ಲದಿದ್ದಾಗ ಬಲಹೀನನ ಮೇಲೆ ಹೇರಿದ ಅನ್ಯಾಯದ ಷರತ್ತು ಸಾರ್ವಜನಿಕ ನೀತಿಗೆ ವಿರುದ್ಧ ಎಂದಿತು. ಅಲ್ಲಿ ಬಳಸಿದ್ದು ಕಾಂಟ್ರ್ಯಾಕ್ಟ್ ಆಕ್ಟ್‌ನ 23ನೇ ಸೆಕ್ಷನ್ನೇ ಎನ್ನುವುದನ್ನು ಗಮನಿಸಿ.

ಪ್ರಶ್ನೆ: ಕಾರ್ಖಾನೆಯ ಎಚ್‌ಆರ್ ವಿಭಾಗದಲ್ಲಿದ್ದೇನೆ. ಕೆಲಸ ಬಿಡದೆ ದೂರಶಿಕ್ಷಣದಲ್ಲಿ ಎಲ್‌ಎಲ್‌ಬಿ ಮಾಡಬಹುದೇ?

ವಕೀಲರಾಗುವ ಆಸೆ ಇದ್ದರೆ ಬೇಡ. ದೂರಶಿಕ್ಷಣದ ಎಲ್‌ಎಲ್‌ಬಿಯನ್ನು ಬಾರ್ ಕೌನ್ಸಿಲ್ ಒಪ್ಪುವುದಿಲ್ಲ, ಸನ್ನದು ಸಿಗುವುದಿಲ್ಲ. ಈಗಿನ ಕೆಲಸಕ್ಕೆ ಕಾನೂನಿನ ಅರಿವು ಬೇಕು ಅಷ್ಟೇ ಎಂದಾದರೆ ಕಾರ್ಮಿಕ ಕಾನೂನಿನ ಸ್ನಾತಕೋತ್ತರ ಡಿಪ್ಲೊಮಾ ಮಾಡಿ. ಸೇರುವ ಮುಂಚೆ ಅದರ ಸಿಲಬಸ್ ತರಿಸಿಕೊಳ್ಳಿ. ಅದರಲ್ಲಿ ನಾಲ್ಕು ಸಂಹಿತೆಗಳ ಹೆಸರೇ ಇಲ್ಲದಿದ್ದರೆ ಸುಮ್ನೆ ಫೀಸ್ ಕಟ್ಟಬೇಡಿ.