ಸೋಗೆ ಚಪ್ಪರ, ಹುಳಿಯಿಲ್ಲದ ರೊಟ್ಟಿ: ಯೆಹೂದಿ ಹಬ್ಬಗಳ ಬಗ್ಗೆ ಓದುಗರ ಪ್ರಶ್ನೆಗಳು

ಪ್ರ: 2025ರಲ್ಲಿ ಯೆಹೂದಿಗಳ ಪರ್ಣಶಾಲೆ ಹಬ್ಬ ನಮ್ಮ ಶೀಗಿ ಹುಣ್ಣಿಮೆಗೇ ಬಂದಿತ್ತು. 2026ರಲ್ಲಿ ಶೀಗಿ ಹುಣ್ಣಿಮೆಗಿಂತ ಒಂದು ತಿಂಗಳು ಮೊದಲೇ ಬರುತ್ತದೆ. ಏಕೆ?
– ಶಾಲಾ ಶಿಕ್ಷಕರು, ಚಿತ್ರದುರ್ಗ

ಉ: ಅವರದೂ ಚಾಂದ್ರಮಾನವೇ, ವರ್ಷಕ್ಕೆ ಸುಮಾರು 354 ದಿನ. ಋತುಗಳು ಜಾರದಿರಲು ಅವರೂ ಅಧಿಕ ಮಾಸ ಹಾಕುತ್ತಾರೆ. ನಮ್ಮಲ್ಲಿ ಸಂಕ್ರಮಣ ಬೀಳದ ತಿಂಗಳು ಅಧಿಕವಾಗುತ್ತದೆ. ಅವರಲ್ಲಿ 19 ವರ್ಷಗಳ ಚಕ್ರದಲ್ಲಿ 3, 6, 8, 11, 14, 17, 19ನೇ ವರ್ಷಗಳಿಗೆ ಮಾತ್ರ ಅಧಿಕ, ಅದೂ ಅದಾರ್ ತಿಂಗಳಿಗೇ. 2026ರಲ್ಲಿ ನಮಗೆ ಅಧಿಕ ಜ್ಯೇಷ್ಠ. ಅವರ ಅಧಿಕ ಅದಾರ್ 2027ಕ್ಕೆ. ಹಾಗಾಗಿ ಅವರ ಹಬ್ಬ ಸೆಪ್ಟೆಂಬರ್ 25ರ ಸಂಜೆಯೇ ಶುರು, ನಮಗೆ ಆಗಿನ್ನೂ ಭಾದ್ರಪದ. ಸಂಜೆ ಎಂಬುದನ್ನು ಗಮನಿಸಿ: ಅವರ ದಿನ ಸೂರ್ಯಾಸ್ತಕ್ಕೆ ಆರಂಭ. ಕ್ಯಾಲೆಂಡರಿನಲ್ಲಿ 26 ಎಂದು ಅಚ್ಚಾಗಿದ್ದರೆ ಹಬ್ಬದ ಮೊದಲ ಊಟ 25ರ ರಾತ್ರಿಯೇ. ಶುಭಾಶಯ ಹೇಳಲು ಹೊರಟವರು ಒಂದು ದಿನ ತಡವಾಗುವುದು ಇಲ್ಲೇ.

ಪ್ರ: ಆ ಹಬ್ಬದ ವಾರದಲ್ಲೇ ಇಸ್ರೇಲಿನಿಂದ ನಾಲ್ವರು ನಮ್ಮ ತೋಟ ನೋಡಲು ಬರುತ್ತಾರೆ. ಅಡಿಕೆ ಸೋಗೆಯ ಚಪ್ಪರ ಹಾಕಿಕೊಟ್ಟರೆ ಅವರಿಗೆ ನಡೆಯುತ್ತದೆಯೇ?
– ಅಡಿಕೆ ಬೆಳೆಗಾರರು, ಚನ್ನಗಿರಿ

ಉ: ಚೆನ್ನಾಗಿ ನಡೆಯುತ್ತದೆ. ಇದಕ್ಕಿಂತ ಒಳ್ಳೆಯ ಸಾಮಗ್ರಿ ಹುಡುಕಬೇಕಿಲ್ಲ. ಆದರೆ ಇದು ಮದುವೆ ಚಪ್ಪರವಲ್ಲ, ಇದರ ಕಟ್ಟಳೆ ಬೇರೆ. ಏಳು ದಿನ ಅವರು ಊಟ ಮಾಡುವುದು ಇದರಡಿಯಲ್ಲೇ. ಇದಕ್ಕೆ ಸುಕ್ಕಾ ಎಂದು ಹೆಸರು.

ಮೊದಲನೆಯದು ಜಾಗ. ತಂಪಾಗಿದೆಯೆಂದು ತೋಟದೊಳಗೆ ಹಾಕಬೇಡಿ. ಮರದ ನೆರಳಿನಡಿ, ಜಗುಲಿಯ ಸೂರಿನಡಿ ಹಾಕಿದ್ದು ಸುಕ್ಕಾ ಆಗುವುದಿಲ್ಲ. ಮೇಲೆ ಬರೀ ಆಕಾಶವಿರಬೇಕು. ಕಣವೇ ಸರಿಯಾದ ಜಾಗ. ನಾಲ್ವರು ಕೂತು ಉಣ್ಣಲು ಎಂಟು ಅಡಿಗೆ ಎಂಟು ಅಡಿ ಸಾಕು, ಎತ್ತರ ಏಳು ಅಡಿ.

ಮೊದಲು ಗೋಡೆ, ಆಮೇಲೆ ಮಾಡು. ಮೂರು ಕಡೆ ಮರೆ ಇದ್ದರೆ ಸಾಕು. ಹಲಗೆ, ಬಿದಿರಿನ ತಟ್ಟಿ, ಅಡಿಕೆ ದಬ್ಬೆ, ಏನಾದರೂ ಆದೀತು. ಸೀರೆ, ಪರದೆ ಕಟ್ಟುವವರು ಎಡವುತ್ತಾರೆ: ಮಾಮೂಲಿ ಗಾಳಿಗೆ ಹಾರಾಡುವುದು ಗೋಡೆಯೆನಿಸುವುದಿಲ್ಲ. ನೆಲದಿಂದ ಒಂದು ಗೇಣಿಗಿಂತ ಮೇಲೆ ಎತ್ತಿ ಕಟ್ಟಿದ್ದೂ ಲೆಕ್ಕಕ್ಕಿಲ್ಲ.

ಮಾಡಿನ ವಿಷಯದಲ್ಲಿ ಬಿಗಿ ಜಾಸ್ತಿ. ನೆಲದಲ್ಲಿ ಬೆಳೆದದ್ದಾಗಿರಬೇಕು, ಕಡಿದದ್ದಾಗಿರಬೇಕು, ಬಳಕೆಯ ವಸ್ತುವಾಗಿ ಮಾರ್ಪಟ್ಟಿರಬಾರದು. ಸೋಗೆ, ತೆಂಗಿನ ಗರಿ, ಬಿದಿರು ಸರಿ. ಬಳ್ಳಿಯನ್ನು ಬುಡಸಮೇತ ಹಬ್ಬಿಸಿದರೆ ಆಗದು, ಮಲಗಲು ಹೆಣೆದ ಚಾಪೆ ಆಗದು. ತಗಡು, ಟಾರ್ಪಾಲು, ಶೇಡ್ ನೆಟ್ ಮೂರನ್ನೂ ಹತ್ತಿರ ತರಬೇಡಿ. ಕಬ್ಬಿಣದ ಪೈಪಿನ ಚೌಕಟ್ಟಿದ್ದರೆ ಅದರ ಮೇಲೆ ಬಿದಿರಿನ ಗಳ ಅಡ್ಡಹಾಕಿ, ಅದರ ಮೇಲೆ ಸೋಗೆ ಹಾಸಿ. ಬೈಂಡಿಂಗ್ ವೈರಿನಿಂದ ಬಿಗಿಯುವ ಬದಲು ಮೇಲೊಂದು ಗಳ ಹೇರಿ; ಸೋಗೆ ತನ್ನ ಭಾರಕ್ಕೇ ನಿಲ್ಲಲಿ.

ಒಳಗೆ ಬಿಸಿಲಿಗಿಂತ ನೆರಳು ಹೆಚ್ಚಿರಬೇಕು ಎಂಬುದು ನಿಯಮ. ಹಸಿ ಸೋಗೆ ಮೊದಲ ದಿನ ದಟ್ಟವಾಗಿ ಕಾಣುತ್ತದೆ, ಮೂರನೇ ದಿನಕ್ಕೆ ಎಲೆ ಒಣಗಿ ಸುರುಳಿಯಾಗಿ ನೆಲದ ತುಂಬ ಬಿಸಿಲಿನ ಗೆರೆ ಬೀಳುತ್ತದೆ. ಅದಕ್ಕೇ ಬೇಕೆನಿಸಿದ್ದಕ್ಕಿಂತ ಅರ್ಧದಷ್ಟು ಹೆಚ್ಚು ಹಾಸಿ. ಹಾಗೆಂದು ಮಳೆ ತೂರದಷ್ಟು ಗಟ್ಟಿ ಹೊದಿಸಬೇಡಿ. ರಾತ್ರಿ ಸಂದಿಯಲ್ಲಿ ನಕ್ಷತ್ರ ಕಾಣಬೇಕು. ಊಟ ಕೆಡುವಷ್ಟು ಮಳೆ ಬಂದರೆ ಅವರು ಮನೆಯೊಳಗೆ ಬಂದು ಉಣ್ಣುತ್ತಾರೆ, ಅದರಲ್ಲಿ ತಪ್ಪಿಲ್ಲ. ಊಟವಿಲ್ಲದ ಹೊತ್ತಿನಲ್ಲಿ ಟಾರ್ಪಾಲು ಹೊದಿಸಿ, ಊಟಕ್ಕೆ ಮೊದಲು ತೆಗೆಯಬಹುದು.

ಕೆಲಸವೆಲ್ಲ 25ರ ಸೂರ್ಯಾಸ್ತಕ್ಕೆ ಮುಂಚೆ ಮುಗಿಯಲಿ, ಆಮೇಲೆ ಅವರು ಗಂಟು ಕಟ್ಟುವಂತೆಯೂ ಇಲ್ಲ. ಈ ಹಬ್ಬಕ್ಕೆ ಅವರು ಕೈಯಲ್ಲಿ ಹಿಡಿಯುವ ಎತ್ರೋಗ್ ಎಂಬ ಹಣ್ಣು ನಮ್ಮ ಮಾದಳದ ಜಾತಿಯದೇ. ಆದರೆ ನಿಂಬೆಗೆ ಕಸಿ ಕಟ್ಟಿದ ಗಿಡದ್ದು ಅವರಿಗೆ ಆಗುವುದಿಲ್ಲ, ನೀವಾಗಿ ಕೊಡಲು ಹೋಗಬೇಡಿ.

ಪ್ರ: ಪಾಸೋವರ್ ವಾರದಲ್ಲಿ ಯೆಹೂದಿ ಸ್ನೇಹಿತೆ ಮನೆಗೆ ಬರುತ್ತಾಳೆ. ಹುಳಿ ಬಂದ ಹಿಟ್ಟು ನಿಷಿದ್ಧವಂತೆ. ಬೆಣ್ಣೆ ದೋಸೆ ಕೊಡಬಹುದೇ?
– ಗೃಹಿಣಿ, ದಾವಣಗೆರೆ

ಉ: ಹುಳಿ ಎಂದರೆ ಎಲ್ಲ ಹುಳಿಯೂ ಅಲ್ಲ. ಗೋಧಿ, ಬಾರ್ಲಿ, ರೈ, ಓಟ್ಸ್, ಸ್ಪೆಲ್ಟ್ ಎಂಬ ಐದು ಧಾನ್ಯಗಳ ಹಿಟ್ಟಿಗೆ ನೀರು ಸೇರಿ ಹುದುಗಿದರೆ ಅದು ಹಮೇತ್ಸ್, ನಿಷಿದ್ಧ. ಆ ವಾರದ ಮಾತ್ಸಾ ರೊಟ್ಟಿಯನ್ನು ನೀರು ಬೆರೆಸಿದ 18 ನಿಮಿಷದೊಳಗೆ ಬೇಯಿಸಿ ಮುಗಿಸುವುದು ಅದಕ್ಕೇ. ಅಕ್ಕಿ, ಉದ್ದು, ಮಂಡಕ್ಕಿ ಈ ಪಟ್ಟಿಯಲ್ಲಿಲ್ಲ. ತೊಡಕಿರುವುದು ಹಿಟ್ಟಿಗೆ ಕೆಲವರು ಸೇರಿಸುವ ಮೈದಾದಲ್ಲಿ. ಪಲ್ಯ, ಸಾಂಬಾರಿನ ಹಿಂಗಿನ ಡಬ್ಬಿಯನ್ನೂ ತಿರುಗಿಸಿ ಓದಿ: ಕೂಟು ಹಿಂಗಿಗೆ ಸಾಮಾನ್ಯವಾಗಿ ಗೋಧಿ ಹಿಟ್ಟು ಬೆರೆಸಿರುತ್ತಾರೆ. ಇದು ಯಾರ ಕಣ್ಣಿಗೂ ಬೀಳುವುದಿಲ್ಲ.

ಮೈದಾ, ಹಿಂಗು ಬಿಟ್ಟರೂ ಎರಡು ಮಾತು ಕೇಳಿಯೇ ಮಾಡಿ. ಯುರೋಪ್ ಮೂಲದ ಅಶ್ಕೆನಾಜಿ ಮನೆತನದವರು ಆ ವಾರ ಅಕ್ಕಿ, ಬೇಳೆಯನ್ನೂ ಬಿಡುತ್ತಾರೆ. ಅಕ್ಕಿ ತಿನ್ನುವ ಪೂರ್ವದೇಶದ ಮನೆತನಗಳವರು ಅದನ್ನು ಮೂರು ಸಲ ಆರಿಸುತ್ತಾರೆ, ಒಂದು ಗೋಧಿ ಕಾಳೂ ಉಳಿಯಬಾರದೆಂದು. ಜೊತೆಗೆ, ಚಪಾತಿ ಬೇಯಿಸಿದ ಕಾವಲಿಯಲ್ಲಿ ಹುಯ್ದ ದೋಸೆಯನ್ನು ಕಟ್ಟುನಿಟ್ಟಿನವರು ಮುಟ್ಟುವುದಿಲ್ಲ. ಬೇಡವೆಂದರೆ ಬೇಸರ ಮಾಡಿಕೊಳ್ಳಬೇಡಿ, ಒತ್ತಾಯವೂ ಬೇಡ. ಎಳನೀರು, ಹೆಚ್ಚದ ಇಡೀ ಬಾಳೆಹಣ್ಣು, ಕಿತ್ತಳೆ ಕೊಡಿ. ಇಸ್ರೇಲಿನಲ್ಲಿ ಹಬ್ಬ ಏಳು ದಿನ, ಹೊರಗಿದ್ದವರಿಗೆ ಎಂಟು. ಮುಗಿದ ಮೇಲೆ ದೋಸೆಗೆ ಕರೆಯಿರಿ.

ಪ್ರ: ಪುಣೆಯ ಲಾಲ್ ದೇವಳ್ ಸಿನಗಾಗನ್ನು (ಯೆಹೂದಿ ಪ್ರಾರ್ಥನಾ ಮಂದಿರ) ಶನಿವಾರ ನೋಡಬಹುದೇ? ಪ್ರಸಾದ ಕೊಡುತ್ತಾರೆಯೇ?
– ಕಾಲೇಜು ವಿದ್ಯಾರ್ಥಿ, ಹಿರಿಯೂರು

ಉ: ಶನಿವಾರ ಬಿಟ್ಟು ಬೇರೆ ದಿನ, ಮುಂಚೆಯೇ ಅನುಮತಿ ಕೇಳಿ, ಗುರುತಿನ ಚೀಟಿ ಹಿಡಿದು ಹೋಗಿ. 1867ರ ಆ ಕೆಂಪು ಕಟ್ಟಡಕ್ಕೆ ಓಹೆಲ್ ದಾವಿದ್ ಎಂಬುದು ನಿಜ ಹೆಸರು. 1568ರ ಕೊಚ್ಚಿಯ ಪರದೇಶಿ ಸಿನಗಾಗ್ ಕೂಡ ಶನಿವಾರ ಪ್ರವಾಸಿಗರಿಗೆ ಮುಚ್ಚಿರುತ್ತದೆ. ಪ್ರಾರ್ಥನೆಗೇ ಕರೆದಿದ್ದರೆ ತಲೆ ಮುಚ್ಚಿಕೊಳ್ಳಿ. ಮೊಬೈಲು, ಕ್ಯಾಮೆರಾ, ಪೆನ್ನು ಹೊರತೆಗೆಯಬೇಡಿ, ಕಾಣಿಕೆಯೆಂದು ಹಣವನ್ನೂ ಕೊಡಬೇಡಿ. ಶುಕ್ರವಾರ ಸೂರ್ಯಾಸ್ತದಿಂದ ಶನಿವಾರ ರಾತ್ರಿ ನಕ್ಷತ್ರ ಮೂಡುವವರೆಗೆ ಇವೆಲ್ಲ ವರ್ಜ್ಯ. ಪ್ರಾರ್ಥನೆ ತಡವಾದರೆ ಕಾಯಿರಿ: ಸಾಂಪ್ರದಾಯಿಕ ಸಿನಗಾಗಿನಲ್ಲಿ 13 ವರ್ಷ ದಾಟಿದ ಹತ್ತು ಗಂಡಸರು ಸೇರದೆ ತೋರಾ ಎಂಬ ಧರ್ಮಗ್ರಂಥದ ಸುರುಳಿ ಹೊರತೆಗೆದು ಓದುವುದಿಲ್ಲ. ಸಮುದಾಯ ಚಿಕ್ಕದಾದ ಊರಲ್ಲಿ ಆ ಹತ್ತನೆಯವರಿಗಾಗಿ ಬಾಗಿಲ ಕಡೆ ನೋಡುತ್ತ ಕೂರುವುದು ಮಾಮೂಲು.

ಪ್ರಸಾದವೆಂಬ ಪದ್ಧತಿಯಿಲ್ಲ. ಆದರೆ ಕೊಂಕಣ ಮೂಲದ ಬೆನೆ ಇಸ್ರೇಲ್ ಜನ ಹರಕೆ ತೀರಿಸುವಾಗ ಪ್ರವಾದಿ ಎಲೀಯನನ್ನು ನೆನೆದು ಮಲೀದಾ ಹಂಚುತ್ತಾರೆ: ನೆನೆಸಿದ ಅವಲಕ್ಕಿ, ತೆಂಗಿನ ತುರಿ, ಸಕ್ಕರೆ, ಏಲಕ್ಕಿ, ಸುತ್ತಲೂ ಹಣ್ಣು. ಹಣ್ಣಿಗೆ ಬೇರೆ, ಅವಲಕ್ಕಿಗೆ ಬೇರೆ ಮಂತ್ರವಿದೆ; ಅವರು ಹೇಳಿ ಮುಗಿಸಿ ಕೈಗೆ ಕೊಟ್ಟ ಮೇಲೆ ಬಾಯಿಗಿಡಿ.