ಆರನೇ ನಡೆ ದಾಟಿದ ಮೇಲೆ: ಚೆಸ್ ಕಲಿಯುವ ಓದುಗರ ಪ್ರಶ್ನೆಗಳು

ಪಟದ ಸಾಲುಗಳನ್ನು ಬಿಳಿಯರ ಎಡಗೈ ಕಡೆಯಿಂದ ಎ, ಬಿ, ಸಿ, ಡಿ, ಇ, ಎಫ್, ಜಿ, ಎಚ್ ಎಂದೂ, ಬಿಳಿಯರ ಕಡೆಯಿಂದ ಮೇಲಕ್ಕೆ 1ರಿಂದ 8 ಎಂದೂ ಗುರುತಿಸಿದೆ. ಇ4, ಡಿ5 ಎಂದು ಕಾಯಿಯ ಹೆಸರಿಲ್ಲದೆ ಮನೆ ಮಾತ್ರ ಹೇಳಿದ್ದರೆ ಅದು ಕಾಲಾಳಿನ ನಡೆ. ಪಟ ಹಾಸಿ ಕಾಯಿ ಜೋಡಿಸಿಕೊಂಡೇ ಓದಿ.

ಪ್ರಶ್ನೆ: ವಿಡಿಯೋ ನೋಡಿ ಇಟಾಲಿಯನ್, ಲಂಡನ್, ಸಿಸಿಲಿಯನ್ ಅಂತ ಏಳೆಂಟು ಓಪನಿಂಗ್ (ಆಟದ ಶುರುವಿನ ನಡೆಗಳು) ಬಾಯಿಪಾಠ ಮಾಡೀನಿ. ಎದುರಿನವ ಐದನೇದಕ್ಕೋ ಆರನೇದಕ್ಕೋ ಬ್ಯಾರೆ ನಡೆ ಆಡಿದ್ರ ತಲಿ ಖಾಲಿ ಆಗತೈತಿ. ಆನ್‌ಲೈನ್ ರೇಟಿಂಗ್ ಒಂದು ವರ್ಷದಿಂದ 1100ರ ಆಸುಪಾಸು ನಿಂತೈತಿ. ಯಾವುದನ್ನ ಕಲೀಬೇಕು?
– ಬಿ.ಎಸ್ಸಿ. ವಿದ್ಯಾರ್ಥಿ, ಸಪ್ತಾಪುರ, ಧಾರವಾಡ

ಉತ್ತರ: ನಿಮಗೆ ಸಾಕಾಗುವುದು ಮೂರೇ. ಬಿಳಿ ಕಾಯಿ ಬಂದಾಗ ಒಂದು, ಕಪ್ಪು ಬಂದಾಗ ಇ4ಕ್ಕೆ ಉತ್ತರವಾಗಿ ಒಂದು, ಡಿ4ಕ್ಕೆ ಒಂದು. ಉಳಿದದ್ದನ್ನು ಆರು ತಿಂಗಳು ಮುಟ್ಟಬೇಡಿ.

ತಲೆ ಖಾಲಿಯಾಗುವುದಕ್ಕೆ ನೆನಪಿನ ಶಕ್ತಿ ಕಾರಣವಲ್ಲ. ನಡೆ ಗೊತ್ತು, ಅದು ಯಾಕೆ ಅನ್ನುವುದು ಗೊತ್ತಿಲ್ಲ. ಇಟಾಲಿಯನ್ ಅನ್ನೇ ನೋಡೋಣ. ಬಿಳಿ ಇ4, ಕಪ್ಪು ಇ5. ಬಿಳಿ ಕುದುರೆ ಎಫ್3ಕ್ಕೆ, ಕಪ್ಪು ಕುದುರೆ ಸಿ6ಕ್ಕೆ. ನಿಮ್ಮ ಒಂಟೆ ಸಿ4ಕ್ಕೆ. ಈಗ ಕಪ್ಪು ಒಂಟೆ ಸಿ5ಕ್ಕೆ ಬಂದರೆ ನೀವು ಸಿ3 ಆಡಿ, ಅವರ ಇನ್ನೊಂದು ಕುದುರೆ ಎಫ್6ಕ್ಕೆ ಬಂದಾಗ ಡಿ3 ಆಡಬೇಕು. ಒಂಟೆಯ ಬದಲು ಆ ಕುದುರೆಯೇ ಮೊದಲು ಬಂದರೆ? ಆಗ ಮೊದಲು ಡಿ3, ಆಮೇಲೆ ಸಿ3. ಎರಡೂ ಕಡೆ ಅವೇ ಎರಡು ನಡೆ, ಹಿಂದೆಮುಂದೆ ಅಷ್ಟೇ. ಎಫ್6ರ ಕುದುರೆಯ ಕಣ್ಣು ನಿಮ್ಮ ಇ4 ಕಾಲಾಳಿನ ಮೇಲಿರುತ್ತದೆ. ಅದಕ್ಕೆ ಕಾವಲು ಹಾಕದೆ ಸಿ3 ಆಡಿದರೆ ಕಾಲಾಳು ಪುಕ್ಕಟೆ ಹೋಗುತ್ತದೆ. ಬಾಯಿಪಾಠದವರು ಎಡವುವ ಮೊದಲ ಜಾಗ ಇದು.

ಮುಂದೆ ಕ್ಯಾಸ್ಲಿಂಗ್ ಮಾಡಿ (ರಾಜನನ್ನು ಆನೆಯ ಕಡೆಗೆ ಎರಡು ಮನೆ ಸರಿಸಿ, ಆನೆಯನ್ನು ರಾಜನ ಆಚೆ ಪಕ್ಕಕ್ಕೆ ಇಡುವುದು), ಆನೆಯನ್ನು ಇ1ಕ್ಕೆ ತನ್ನಿ. ಬಿ1ರ ಕುದುರೆ ಡಿ2, ಎಫ್1, ಜಿ3 ಎಂದು ಸುತ್ತಿ ರಾಜನ ಕಡೆ ಬರಬೇಕು. ಆನೆ ಎಫ್1ರಿಂದ ಏಳದೆ ಕುದುರೆಗೆ ಆ ಮನೆ ಸಿಗುವುದಿಲ್ಲ, ಹಾಗಾಗಿ ಆನೆ ಮೊದಲು. ನಡುವೆ ಒಮ್ಮೆ ಎ4 ಆಡಿ. ಕಪ್ಪು ಕುದುರೆ ಎ5ಕ್ಕೆ ಬಂದು ನಿಮ್ಮ ಒಂಟೆಯನ್ನು ಕೆಣಕಿದರೆ ಹಿಂದೆ ಸರಿಯಲು ಎ2 ಖಾಲಿ ಇರುತ್ತದೆ. ಇಷ್ಟೆಲ್ಲ ತಯಾರಿ ಸರಿಯಾದ ಹೊತ್ತಿಗೆ ಡಿ4 ತಳ್ಳುವುದಕ್ಕೆ. ಸಿ3 ಆಡಿದ್ದೂ ಅದಕ್ಕೇ. ಈ ಗುರಿ ನೆನಪಿದ್ದರೆ ಎದುರಿನವರು ಏನೇ ಆಡಲಿ, ನಿಮ್ಮ ಕೈಯಲ್ಲಿ ಕೆಲಸ ಇರುತ್ತದೆ.

ಕಪ್ಪಿನಲ್ಲಿ ಇ4ಕ್ಕೆ ಇ5 ಅನ್ನೇ ಆಡಿ. ಬಿಳಿಯಲ್ಲಿ ಕಲಿತ ಆಟವನ್ನೇ ಆಚೆ ದಡದಿಂದ ನೋಡಿದಂತಾಗುತ್ತದೆ. ಡಿ4ಕ್ಕೆ ಡಿ5; ಬಿಳಿ ಸಿ4 ಆಡಿದರೆ ಇ6, ಕುದುರೆ ಎಫ್6, ಒಂಟೆ ಇ7, ಕ್ಯಾಸ್ಲಿಂಗ್. ಇದರಲ್ಲಿ ಸಿ8ರ ಒಂಟೆ ತನ್ನದೇ ಕಾಲಾಳಿನ ಹಿಂದೆ ಸಿಕ್ಕಿಬೀಳುತ್ತದೆ. ಬಿ6 ಆಡಿ ಅದನ್ನು ಬಿ7ಕ್ಕೆ ತರಬಹುದು. ಜೊತೆಗೆ ಸಿ5 ತಳ್ಳುವುದನ್ನು ಮರೆಯಬೇಡಿ. ಮರೆತರೆ ಹದಿನೈದನೇ ನಡೆಯ ಹೊತ್ತಿಗೆ ಉಸಿರಾಡಲೂ ಜಾಗ ಇರುವುದಿಲ್ಲ.

ಲಂಡನ್ ಕೆಟ್ಟದ್ದೇನಲ್ಲ. ಆದರೆ ಎದುರಿನವರು ಏನಾಡಿದರೂ ಕಣ್ಣುಮುಚ್ಚಿ ಅವೇ ಹತ್ತು ನಡೆ ಆಡುವ ಚಾಳಿ ಅದರಿಂದ ಬರುತ್ತದೆ. ಒಂಟೆ ಎಫ್4ಕ್ಕೆ ಹೋದ ಮೇಲೆ ಬಿ2 ಕಾಲಾಳಿಗೆ ದಿಕ್ಕಿಲ್ಲ. ಕಪ್ಪು ಸಿ5 ಆಡಿ ರಾಣಿಯನ್ನು ಬಿ6ಕ್ಕೆ ತಂದಾಗ ಬೆಚ್ಚಿ ಬೀಳುವವರು ಬಹಳ. ನಿಮ್ಮ ರಾಣಿಯನ್ನು ಬಿ3ಕ್ಕೆ ತನ್ನಿ, ಸಾಕು.

ಇನ್ನು ಕಲಿಯುವ ರೀತಿ. ನೂರು ಪುಟದ ನೋಟುಬುಕ್ಕಿನ ಪುಟವನ್ನು ನಡುವೆ ಗೆರೆ ಎಳೆದು ಎರಡು ಮಾಡಿ. ಎಡಕ್ಕೆ ನಡೆ, ಬಲಕ್ಕೆ ಕಾರಣ. ಕಾರಣ ಬರೆಯಲು ಆಗದ ನಡೆಗೆ ಬಂದಾಗ ಅಲ್ಲೇ ನಿಲ್ಲಿಸಿ. ನಿಮ್ಮ ಓಪನಿಂಗ್ ಸದ್ಯಕ್ಕೆ ಅಷ್ಟೇ. ಅದೇ ಓಪನಿಂಗ್‌ನಲ್ಲಿ ಇಪ್ಪತ್ತು ಆಟ ಆಡಿ. ಪ್ರತಿ ಆಟ ಮುಗಿದ ಮೇಲೆ ನಿಮ್ಮ ಪುಟದಿಂದ ಆಟ ಎಲ್ಲಿ ಹೊರಗೆ ಹೋಯಿತೋ ಆ ಒಂದು ನಡೆಯನ್ನು ಮಾತ್ರ ಸೇರಿಸಿ. ಇಪ್ಪತ್ತು ಆಟಕ್ಕೆ ಇಪ್ಪತ್ತು ಸಾಲು. ಅವು ನಿಮ್ಮ ಎದುರು ನಿಜವಾಗಿ ಬಂದ ನಡೆಗಳು, ಆದ್ದರಿಂದ ಮರೆಯುವುದಿಲ್ಲ.

ಪ್ರಶ್ನೆ: ನಾಲ್ಕು ನಡೆಯಲ್ಲಿ ಮೇಟ್ ಮಾಡಿಸಿಕೊಂಡು ಮಗಳು ಅಳುತ್ತಾ ಬರುತ್ತಾಳೆ. ಮೂರನೇ ಇಯತ್ತೆ. ಹೇಗೆ ತಪ್ಪಿಸುವುದು?
– ತಾಯಿ, ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ಇ4, ಇ5 ಆದ ಮೇಲೆ ಬಿಳಿ ರಾಣಿ ಎಚ್5ಕ್ಕೆ ಬರುತ್ತದೆ. ಮಕ್ಕಳು ಗಾಬರಿಯಿಂದ ತಕ್ಷಣ ಜಿ6 ಆಡುತ್ತಾರೆ. ರಾಣಿ ಇ5 ಹೊಡೆದು ಚೆಕ್ ಕೊಟ್ಟು, ಮರುನಡೆಗೆ ಮೂಲೆಯ ಆನೆಯನ್ನೂ ತಿನ್ನುತ್ತದೆ. ಆದ್ದರಿಂದ ಮೊದಲು ಕುದುರೆ ಸಿ6ಕ್ಕೆ ಬಂದು ಇ5 ಕಾಯಲಿ. ಒಂಟೆ ಸಿ4ಕ್ಕೆ ಬಂದಾಗ ಜಿ6. ರಾಣಿ ಎಫ್3ಕ್ಕೆ ಸರಿದು ಮತ್ತೆ ಎಫ್7 ಮೇಲೆ ಕಣ್ಣಿಟ್ಟರೆ ಆಗ ಇನ್ನೊಂದು ಕುದುರೆ ಎಫ್6ಕ್ಕೆ. ಜಿ6 ಬಿಟ್ಟು ಒಂದು ನಡೆ ಮುಂಚೆಯೇ ಈ ಕುದುರೆಯನ್ನು ತಂದರೆ ಎಫ್7ರಲ್ಲಿ ಮೇಟ್. ಅಳುವಿಗೆ ಕಾರಣ ಬಹುಶಃ ಇದೇ.

ಇದು ಬಂದ ಮೇಲೆ ಇನ್ನೊಂದು ಎದುರಾಗುತ್ತದೆ: ಬಿಳಿ ಒಂಟೆ ಸಿ4ರಲ್ಲಿರುವಾಗ ಕುದುರೆ ಜಿ5ಕ್ಕೆ ಹಾರಿ ಎಫ್7 ಮೇಲೆ ಬೀಳುವುದು. ಮಗುವಿಗೆ ಸದ್ಯ ಎಫ್6 ಕುದುರೆಯ ಬದಲು ಒಂಟೆಯನ್ನು ಸಿ5ಕ್ಕೆ ತರಲು ಹೇಳಿ. ಆಗ ಡಿ8ರ ರಾಣಿಯಿಂದ ಜಿ5ಕ್ಕೆ ದಾರಿ ತೆರೆದಿರುತ್ತದೆ, ಹಾರಿದ ಕುದುರೆ ಪುಕ್ಕಟೆ ಸಿಗುತ್ತದೆ.

ಪ್ರಶ್ನೆ: ಕ್ಯಾರೋ-ಕಾನ್ ಗಟ್ಟಿ ಓಪನಿಂಗ್ ಅಂತಾರ. ನಾ ಅದರಾಗ ಆರನೇ ನಡಿಗೆ ಸೋತೆ. ತಪ್ಪೆಲ್ಲಿ?
– ನೇಕಾರರು, ಬೆಟಗೇರಿ

ಉತ್ತರ: ನೀವು ಕಳಿಸಿದ ನಡೆಗಳು ಇವು: ಇ4 ಸಿ6, ಡಿ4 ಡಿ5, ಬಿಳಿ ಕುದುರೆ ಸಿ3ಕ್ಕೆ. ನೀವು ಇ4 ಹೊಡೆದಿರಿ, ಕುದುರೆ ತಿರುಗಿ ಹೊಡೆಯಿತು. ನೀವು ಬಿ8ರ ಕುದುರೆಯನ್ನು ಡಿ7ಕ್ಕೆ ತಂದಿರಿ, ಅವರು ರಾಣಿಯನ್ನು ಇ2ಕ್ಕೆ. ತಮ್ಮದೇ ಒಂಟೆಗೆ ಅಡ್ಡವಾಗಿ ಕೂತ ಆ ರಾಣಿ ದಡ್ಡ ನಡೆಯಂತೆ ಕಾಣುತ್ತದೆ. ನೀವು ಜಿ8ರ ಕುದುರೆಯನ್ನು ಎಫ್6ಕ್ಕೆ ಇಟ್ಟಿರಿ. ಅವರ ಕುದುರೆ ಇ4ರಿಂದ ಡಿ6ಕ್ಕೆ ಹಾರಿತು, ಮೇಟ್.

ಈಗ ಕಪ್ಪು ರಾಜನ ಸುತ್ತ ಬೆರಳಿಟ್ಟು ನೋಡಿ. ಡಿ8ರಲ್ಲಿ ರಾಣಿ, ಎಫ್8ರಲ್ಲಿ ಒಂಟೆ, ಡಿ7ರಲ್ಲಿ ಕುದುರೆ, ಇ7 ಎಫ್7ರಲ್ಲಿ ಕಾಲಾಳು. ಐದೂ ಮನೆ ತನ್ನವರಿಂದಲೇ ತುಂಬಿವೆ. ಡಿ6ರ ಕುದುರೆಯನ್ನು ಹೊಡೆಯಬೇಕಾದ ಇ7 ಕಾಲಾಳು ಕದಲುವಂತಿಲ್ಲ, ಕದಲಿದರೆ ಇ2ರ ರಾಣಿಯಿಂದ ರಾಜನಿಗೆ ಚೆಕ್. ಐದನೇ ನಡೆಗೆ ಡಿ7ರ ಕುದುರೆಯನ್ನೇ ಎಫ್6ಕ್ಕೆ ತಂದಿದ್ದರೆ ಡಿ7 ತೆರವಾಗಿ, ಡಿ6 ಮೇಲೆ ನಿಮ್ಮ ರಾಣಿಯ ಕಾವಲೂ ಬರುತ್ತಿತ್ತು. ಓಪನಿಂಗ್ ಬಿಡಬೇಡಿ. ನಾಲ್ಕನೇ ನಡೆಗೆ ಕುದುರೆಯ ಬದಲು ಸಿ8ರ ಒಂಟೆಯನ್ನು ಎಫ್5ಕ್ಕೆ ತರುವ ದಾರಿಯೂ ಇದೆ, ಹೊಸಬರಿಗೆ ಅದೇ ಸಲೀಸು.

ಪ್ರಶ್ನೆ: ವಯಸ್ಸು 43. ಅಂಗಡಿ ಬಾಗಿಲು ಹಾಕಿ ಬಂದ ಮೇಲೆ ವಾರಕ್ಕೆ ಐದು ದಿನ ಮುಕ್ಕಾಲು ಗಂಟೆ ಸಿಗುತ್ತದೆ. ಮೂರು ನಿಮಿಷದ ಆಟಗಳಲ್ಲೇ ಅದು ಕಳೆದುಹೋಗುತ್ತಿದೆ. ಈ ವಯಸ್ಸಿನಲ್ಲಿ ಆಟ ಸುಧಾರಿಸುತ್ತದೆಯೇ?
– ಬೀಜದ ವ್ಯಾಪಾರಿ, ರಾಣೆಬೆನ್ನೂರು

ಉತ್ತರ: ಸುಧಾರಿಸುತ್ತದೆ, ಮೂರು ನಿಮಿಷದ ಆಟ ಬಿಟ್ಟರೆ. ಅದರಲ್ಲಿ ಯೋಚಿಸಲು ಹೊತ್ತಿಲ್ಲ, ಹಳೆಯ ತಪ್ಪುಗಳೇ ಗಟ್ಟಿಯಾಗುತ್ತವೆ. ಎರಡು ರಾತ್ರಿ, ತಲಾ 15 ನಿಮಿಷ ಮತ್ತು ನಡೆಗೆ 10 ಸೆಕೆಂಡು ಕೂಡುವ ಒಂದೊಂದೇ ಆಟ. ಎರಡು ರಾತ್ರಿ ಪಜಲ್. ಒಂದು ರಾತ್ರಿ ಆಡಿದ ಎರಡು ಆಟಗಳ ಪರೀಕ್ಷೆ.

ಪಜಲ್ ಹತ್ತೇ ಸಾಕು, ಆದರೆ ಕೊನೆಯ ನಡೆವರೆಗೆ ತಲೆಯಲ್ಲೇ ಕಾಣುವ ತನಕ ಕಾಯಿ ಮುಟ್ಟಬೇಡಿ. ಮೊದಲ ನಡೆ ಊಹಿಸಿ ಮುಂದಿನದ್ದು ನೋಡೋಣ ಅನ್ನುವುದು ಅಭ್ಯಾಸವಾದರೆ ಆಟದಲ್ಲೂ ಹಾಗೇ ಕೈ ಓಡುತ್ತದೆ. ತಪ್ಪಿದವನ್ನು ಮೂರು ದಿನ ಬಿಟ್ಟು ಒಮ್ಮೆ, ವಾರ ಬಿಟ್ಟು ಮತ್ತೊಮ್ಮೆ ಬಿಡಿಸಿ.

ಪರೀಕ್ಷೆಯ ರಾತ್ರಿ ಎಂಜಿನ್ (ನಡೆಗಳನ್ನು ಲೆಕ್ಕ ಹಾಕುವ ಚೆಸ್ ತಂತ್ರಾಂಶ) ಕೊನೆಗೆ ತೆರೆಯಿರಿ. ಮೊದಲು ನೀವೇ ಪಟದ ಮೇಲೆ ಆಟ ಹಾಕಿ, ಎಲ್ಲಿ ಸಂಶಯ ಬಂದಿತ್ತು, ಆಗ ಏನು ಯೋಚಿಸಿದಿರಿ ಎಂದು ಮೂರು ಜಾಗದಲ್ಲಿ ಬರೆಯಿರಿ. ಆಮೇಲೆ ಎಂಜಿನ್. ಅದರ ಲೆಕ್ಕದಲ್ಲಿ 1 ಅಂದರೆ ಸುಮಾರು ಒಂದು ಕಾಲಾಳಿನ ಬೆಲೆ; 0.3, 0.4 ಏರಿಳಿತಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಒಂದೇ ನಡೆಗೆ 1.5 ದಾಟಿ ಬಿದ್ದ ಜಾಗ ನೋಡಿ. ಬಹುತೇಕ ಅಲ್ಲಿ ಕಾವಲಿಲ್ಲದ ಕಾಯಿಯೊಂದು ಇರುತ್ತದೆ. ನಡೆ ಆಡುವ ಮುಂಚೆ ‘ಇದಕ್ಕೆ ಅವರು ಯಾವ ಚೆಕ್ ಕೊಡಬಹುದು, ಏನು ಹೊಡೆಯಬಹುದು?’ ಎಂದು ಕೇಳಿಕೊಳ್ಳುವುದಕ್ಕೆ ಐದು ಸೆಕೆಂಡು ಬೇಕು. ನಿಮ್ಮ ಹಂತದಲ್ಲಿ ಯಾವ ಓಪನಿಂಗ್‌ಗಿಂತಲೂ ಹೆಚ್ಚು ಆಟ ಗೆಲ್ಲಿಸುವುದು ಈ ಐದು ಸೆಕೆಂಡು.

ಕೊನೆಯಾಟದಲ್ಲಿ ಸದ್ಯ ಎರಡು ಸಂಗತಿ ಕಲಿಯಿರಿ. ನಿಮ್ಮ ರಾಜ ಆರನೇ ಸಾಲಿನಲ್ಲಿ, ಕಾಲಾಳು ಅದರ ಬೆನ್ನಿಗೆ ಐದನೇ ಸಾಲಿನಲ್ಲಿದ್ದು ಎದುರಿಗೆ ಒಂಟಿ ರಾಜ ಮಾತ್ರ ಇದ್ದರೆ, ಸರದಿ ಯಾರದ್ದೇ ಆಗಲಿ ಗೆಲುವು ನಿಮ್ಮದು. ಅಂಚಿನ ಎ, ಎಚ್ ಕಾಲಾಳಿಗೆ ಮಾತ್ರ ಇದು ನಡೆಯದು. ಎರಡನೆಯದು, ಎರಡೂ ಕಡೆ ಒಂದೊಂದು ಆನೆ, ಎದುರಿನವರಿಗೆ ಮಾತ್ರ ಒಂದು ಕಾಲಾಳು, ನಿಮ್ಮ ರಾಜ ಅದರ ದಾರಿಗೆ ಅಡ್ಡ. ಆಗ ನಿಮ್ಮ ಆನೆಯನ್ನು ನಿಮ್ಮ ಕಡೆಯಿಂದ ಮೂರನೇ ಸಾಲಿನಲ್ಲಿ ನಿಲ್ಲಿಸಿ, ಅವರ ರಾಜ ಒಳಗೆ ಬರದಂತೆ ತಡೆಯಿರಿ. ಕಾಲಾಳು ಆ ಸಾಲಿಗೆ ಕಾಲಿಟ್ಟ ಕೂಡಲೇ ಆನೆಯನ್ನು ಅವರ ಬೆನ್ನ ಹಿಂದೆ ದೂರದ ಅಂಚಿಗೆ ಓಡಿಸಿ ಚೆಕ್ ಕೊಡುತ್ತಾ ಇರಿ. ಆಟ ಡ್ರಾ.

ಪ್ರಶ್ನೆ: ಮೊದಲ ಸಲ ರೇಟಿಂಗ್ ಟೂರ್ನಿಗೆ ಹೊರಟಿದ್ದೇನೆ. ಏನು ಗಮನಿಸಬೇಕು?
– ಓದುಗರು, ಬ್ಯಾಡಗಿ

ಉತ್ತರ: ಅಖಿಲ ಭಾರತ ಚೆಸ್ ಒಕ್ಕೂಟದ ನೋಂದಣಿ ಮೊದಲೇ ಮಾಡಿಸಿಕೊಳ್ಳಿ. ಮುಟ್ಟಿದ ಕಾಯಿ ಆಡಲೇಬೇಕು. ಕ್ಯಾಸ್ಲಿಂಗ್‌ಗೆ ಒಂದೇ ಕೈ, ರಾಜನನ್ನು ಮೊದಲು ಮುಟ್ಟಿ. ಆನೆ ಮೊದಲು ಮುಟ್ಟಿದರೆ ಆ ಕಡೆ ಕ್ಯಾಸ್ಲಿಂಗ್ ಹೋಯಿತು. 30 ಸೆಕೆಂಡು ಕೂಡುವ ದೀರ್ಘ ಆಟದಲ್ಲಿ ಕೊನೆವರೆಗೂ ನಡೆ ಬರೆಯಬೇಕು. ಆಡಿ ಬರೆಯಿರಿ, ಬರೆದು ಆಡುವಂತಿಲ್ಲ. ನಿಯಮಬಾಹಿರ ನಡೆಗೆ ಮೊದಲ ಸಲ ಎದುರಾಳಿಗೆ 2 ನಿಮಿಷ ಹೆಚ್ಚು ಕೊಡುತ್ತಾರೆ, ಎರಡನೇ ಸಲ ಆಟವೇ ಹೋಗುತ್ತದೆ. ತಕರಾರು ಬಂದರೆ ಗಡಿಯಾರ ನಿಲ್ಲಿಸಿ ಆರ್ಬಿಟರ್ (ತೀರ್ಪುಗಾರ) ಕರೆಯಿರಿ, ಎದುರಿನವರ ಜೊತೆ ವಾದ ಬೇಡ. ಮೊಬೈಲ್ ಮೈಮೇಲೆ ಇರಲೇಬಾರದು.

ರೇಟಿಂಗ್ ಸಿಗಲು ರೇಟಿಂಗ್ ಇರುವವರ ಜೊತೆ ಕನಿಷ್ಠ 5 ಆಟ ಆಗಬೇಕು. ಮಾರ್ಚ್ 2024ರಿಂದ ಅಂತರರಾಷ್ಟ್ರೀಯ ಚೆಸ್ ಒಕ್ಕೂಟದ (ಫಿಡೆ) ಪಟ್ಟಿಯ ಕೆಳಮಿತಿ 1400, ಅದಕ್ಕಿಂತ ಕಡಿಮೆ ಬಂದವರ ಹೆಸರು ಪಟ್ಟಿಗೆ ಬರುವುದಿಲ್ಲ. ಮೊದಲ ಟೂರ್ನಿಯಲ್ಲೇ ಬರಲಿಲ್ಲವೆಂದು ಬೇಸರ ಬೇಡ. ನಡೆ ಬರೆದ ಹಾಳೆಗಳನ್ನು ಮನೆಗೆ ತನ್ನಿ, ನಿಮ್ಮ ಆಟದ ಪಠ್ಯ ಅವೇ.

ಪ್ರಶ್ನೆ: ಮೊಮ್ಮಗನಿಗೆ ನಮ್ಮ ಕಟ್ಟಿ ಮ್ಯಾಲಿನ ಚದುರಂಗ ಕಲಿಸಿದ್ದೆ. ಸಾಲ್ಯಾಗ ‘ಇದು ತಪ್ಪು’ ಅಂದರಂತ. ನಾ ಕಲಿಸಿದ್ದು ತಪ್ಪೇನ್ರಿ?
– ಹಿರಿಯರು, ಗಜೇಂದ್ರಗಡ

ಉತ್ತರ: ತಪ್ಪಲ್ಲರೀ ಅಜ್ಜಾರ, ಅದು ಬೇರೆ ಆಟ. ಊರಿಂದೂರಿಗೆ ಕಟ್ಟಳೆ ಕೊಂಚ ಬದಲಾದರೂ ಹಳೆಯ ದೇಸಿ ಆಟದಲ್ಲಿ ಕಾಲಾಳು ಒಂದೇ ಮನೆ ನಡೆಯುತ್ತಿತ್ತು, ಚೆಕ್ ಬೀಳದ ರಾಜ ಒಮ್ಮೆ ಕುದುರೆಯಂತೆ ಹಾರಬಹುದಿತ್ತು. ಆ ಕಟ್ಟಳೆಯಲ್ಲಿ ಬೆಳೆದ ಪಂಜಾಬಿನ ಮೀರ್ ಸುಲ್ತಾನ್ ಖಾನ್ ಆಮೇಲೆ ಹೊಸ ನಿಯಮ ಕಲಿತು 1929, 1932, 1933ರಲ್ಲಿ ಬ್ರಿಟಿಷ್ ಚಾಂಪಿಯನ್ ಆದರು.

ಹುಡುಗನಿಗೆ ಎರಡನ್ನೂ ಜೋಡಿಸಿ ಹೇಳಿ. ರಾಜನ ಹಾರಾಟದ ಜಾಗದಲ್ಲಿ ಈಗ ಕ್ಯಾಸ್ಲಿಂಗ್ ಇದೆ. ಕಾಲಾಳಿಗೆ ಮೊದಲ ನಡೆಯಲ್ಲಿ ಎರಡು ಮನೆ ಕೊಟ್ಟದ್ದರಿಂದಲೇ, ಹಾಗೆ ಪಕ್ಕದಿಂದ ಜಾರಿಹೋಗುವ ಕಾಲಾಳನ್ನು ಹೊಡೆಯುವ ಆನ್ ಪಾಸಾನ್ ನಿಯಮ ಬಂತು. ಅದು ಮಕ್ಕಳಿಗೆ ಅರ್ಥವಾಗದೆ ಒದ್ದಾಡಿಸುವ ನಿಯಮ. ನಿಮ್ಮ ಆಟ ಬಲ್ಲ ಹುಡುಗನಿಗೆ ಒಂದೇ ಮಾತಿಗೆ ತಿಳಿಯುತ್ತದೆ. ಕಾಯಿ ಜೋಡಿಸುವಾಗ ‘ಇವತ್ತು ಯಾವ ಆಟ?’ ಎಂದು ಮೊದಲೇ ಮಾತಾಡಿಕೊಳ್ಳಿ, ಒಂದೇ ಕೂತಿನಲ್ಲಿ ಎರಡನ್ನು ಬೆರೆಸಬೇಡಿ. ಟೂರ್ನಿಗೆ ಒಂದು ವಾರ ಇರುವಾಗ ಮಾತ್ರ ಸಾಲಿ ಆಟವನ್ನೇ ಆಡಿಸಿ.