ಸಂಪಾದಕರ ಉತ್ತರ: ‘ಟೆಂಪಲ್ ಆಫ್ ಡೂಮ್’ ಮೊದಲ ಚಿತ್ರಕ್ಕೆ ಸಾಟಿಯೇ?

ಮಾನ್ಯರೇ,

ಕಳೆದ ಸಂಚಿಕೆಯ ಸಿನಿಮಾ ಪುಟದಲ್ಲಿ ‘ಇಂಡಿಯಾನಾ ಜೋನ್ಸ್ ಆ್ಯಂಡ್ ದಿ ಟೆಂಪಲ್ ಆಫ್ ಡೂಮ್’ ಚಿತ್ರವನ್ನು ಮೊದಲ ಚಿತ್ರದ ನೆರಳೆಂದು ಕರೆದದ್ದಕ್ಕೆ ನೀವು ಆಕ್ಷೇಪ ಎತ್ತಿದ್ದೀರಿ. ಸಾಹಸದಲ್ಲೂ ವೇಗದಲ್ಲೂ 1984ರ ಈ ಚಿತ್ರ 1981ರ ‘ರೇಡರ್ಸ್ ಆಫ್ ದಿ ಲಾಸ್ಟ್ ಆರ್ಕ್’ ಚಿತ್ರವನ್ನು ಮೀರಿಸಿದೆ, ಅಮರೀಶ್ ಪುರಿಯವರಂಥ ಖಳನಾಯಕ ಅದರಲ್ಲಿಲ್ಲ, ಭಾರತದ ಚಿತ್ರಣದ ಮೇಲಿನ ಸಿಟ್ಟನ್ನು ನಾವು ಇಡೀ ಸಿನಿಮಾದ ಮೇಲೆ ತೀರಿಸಿಕೊಂಡಿದ್ದೇವೆ ಎಂಬುದು ನಿಮ್ಮ ವಾದ. ಎಂಟು ಮತ್ತು ಹದಿಮೂರು ವರ್ಷದ ಮಕ್ಕಳಿಗೆ ಯಾವುದನ್ನು ಮೊದಲು ತೋರಿಸಬೇಕೆಂದೂ ಕೇಳಿದ್ದೀರಿ.

ವೇಗದ ಮಾತನ್ನು ತಕರಾರಿಲ್ಲದೆ ಒಪ್ಪುತ್ತೇವೆ. ಗಣಿಯ ಸುರಂಗದಲ್ಲಿ ಟ್ರಾಲಿಗಳು ಒಂದನ್ನೊಂದು ಅಟ್ಟಿಕೊಂಡು ಹೋಗುವ ಭಾಗವನ್ನು ಬಹುಮಟ್ಟಿಗೆ ಪುಟ್ಟ ಮಾದರಿಗಳು ಮತ್ತು ಗೊಂಬೆಗಳನ್ನು ಬಳಸಿ ತೆಗೆಯಲಾಯಿತು; ಸುರಂಗದ ಮಾದರಿಯನ್ನು ಆದಷ್ಟು ಚಿಕ್ಕದಾಗಿ ಕಟ್ಟಲು ಅನುವಾಗಲೆಂದು ದೊಡ್ಡ ಸಿನಿಮಾ ಕ್ಯಾಮೆರಾದ ಬದಲು ನಿಕಾನ್ ಸ್ಟಿಲ್ ಕ್ಯಾಮೆರಾವೊಂದನ್ನೇ ಮಾರ್ಪಡಿಸಿಕೊಂಡರು. ಚಿತ್ರಕ್ಕೆ ದೃಶ್ಯ ಪರಿಣಾಮಗಳ ಆಸ್ಕರ್ ಬಂದದ್ದು ನ್ಯಾಯವಾಗಿಯೇ ಇದೆ. ಹಗ್ಗದ ಸೇತುವೆ ಕಡಿದುಬೀಳುವ ದೃಶ್ಯವೂ ಅಷ್ಟೇ ಅಚ್ಚುಕಟ್ಟು.

ಆದರೆ ಮೊದಲ ಚಿತ್ರದ ಲಾರಿಯ ದೃಶ್ಯವನ್ನು ಇವುಗಳ ಪಕ್ಕದಲ್ಲಿಟ್ಟು ನೋಡಿ. ಜರ್ಮನರು ಸಾಗಿಸುತ್ತಿರುವ ಪವಿತ್ರ ಪೆಟ್ಟಿಗೆಯನ್ನು (ಹೆಸರಿನಲ್ಲಿರುವ ‘ಆರ್ಕ್’) ಕಸಿಯಲು ನಾಯಕ, ಪುರಾತತ್ವಜ್ಞ ಜೋನ್ಸ್ ಕುದುರೆಯಿಂದ ಲಾರಿಗೆ ಹಾರುತ್ತಾನೆ, ತೋಳಿಗೆ ಗುಂಡೇಟು ತಿನ್ನುತ್ತಾನೆ, ಸೈನಿಕನೊಬ್ಬ ಆ ಗಾಯದ ಮೇಲೆಯೇ ಗುದ್ದಿ ಅವನನ್ನು ಮುಂಗಾಜಿನ ಮೂಲಕ ಹೊರಕ್ಕೆ ಎಸೆಯುತ್ತಾನೆ. ಓಡುವ ಲಾರಿಯ ಅಡಿಯಲ್ಲಿ ತೆವಳಿ ಹಿಂಬದಿಗೆ ಬಂದು, ಚಾವಟಿ ಹಿಡಿದು ನೆಲದ ಮೇಲೆ ಎಳೆಸಿಕೊಂಡು, ಮತ್ತೆ ಮೇಲೆ ಹತ್ತುತ್ತಾನೆ. ಪೆಟ್ಟಿಗೆ ಎಲ್ಲಿದೆ, ಶತ್ರು ಯಾವ ಕಾರಿನಲ್ಲಿದ್ದಾನೆ, ನಾಯಕನಿಗೆ ಎಲ್ಲಿ ನೋಯುತ್ತಿದೆ ಎಂಬುದು ಒಂದು ಕ್ಷಣವೂ ನಮ್ಮ ಗಮನದಿಂದ ಜಾರುವುದಿಲ್ಲ. ಇಷ್ಟೆಲ್ಲ ಪಾಡುಪಟ್ಟು ಗೆದ್ದ ಪೆಟ್ಟಿಗೆಯನ್ನು ಜರ್ಮನರು ಸಮುದ್ರದ ನಡುವೆ ಮರಳಿ ಕಸಿದುಕೊಳ್ಳುತ್ತಾರೆ. ಆ ಚಿತ್ರದ ಉದ್ದಕ್ಕೂ ಜೋನ್ಸ್ ಸೋಲುತ್ತಲೇ ಹೋಗುತ್ತಾನೆ: ಆರಂಭದ ಚಿನ್ನದ ವಿಗ್ರಹ ಕೈತಪ್ಪುತ್ತದೆ, ಅಂತ್ಯದಲ್ಲಿ ಅವನು ಕಂಬಕ್ಕೆ ಕಟ್ಟಿಸಿಕೊಂಡು ಕಣ್ಣುಮುಚ್ಚಿ ನಿಲ್ಲಬೇಕಾಗುತ್ತದೆ, ಪೆಟ್ಟಿಗೆ ಸರ್ಕಾರದ ಉಗ್ರಾಣ ಸೇರುತ್ತದೆ. ಸೋಲಬಲ್ಲ ನಾಯಕನಾದ್ದರಿಂದಲೇ ಅವನ ಪ್ರತಿ ಜಿಗಿತಕ್ಕೂ ನಮ್ಮ ಉಸಿರು ಬಿಗಿಯಾಗುತ್ತದೆ. ಟ್ರಾಲಿಯ ದೃಶ್ಯದಲ್ಲಿ ಮೈ ಜುಮ್ಮೆನ್ನುತ್ತದೆಯೇ ಹೊರತು, ಯಾರಿಗೇನಾದೀತೋ ಎಂಬ ಆತಂಕ ಹುಟ್ಟುವುದಿಲ್ಲ.

ಇನ್ನೊಂದು ಚಿಕ್ಕ ಸಂಗತಿಯಿದೆ. ಕೈರೋದ ಸಂತೆಯಲ್ಲಿ ಕತ್ತಿ ತಿರುಗಿಸುತ್ತ ಎದುರಾದವನನ್ನು ಜೋನ್ಸ್ ಬೇಸರದಿಂದ ಪಿಸ್ತೂಲು ತೆಗೆದು ಸುಟ್ಟುಹಾಕುವುದು ಮೊದಲ ಚಿತ್ರದ ಅತ್ಯಂತ ಪ್ರಸಿದ್ಧ ಹಾಸ್ಯ. ಹ್ಯಾರಿಸನ್ ಫೋರ್ಡ್ ಹೊಟ್ಟೆ ಕೆಟ್ಟು ಬಳಲಿದ್ದರಿಂದ ಉದ್ದನೆಯ ಕಾಳಗವನ್ನು ಕೈಬಿಟ್ಟು ಹೊಳೆದ ಉಪಾಯವದು. ಎರಡನೆಯ ಚಿತ್ರದಲ್ಲಿ ಇಬ್ಬರು ಕತ್ತಿಯವರು ಎದುರಾದಾಗ ಅವನು ನಗುತ್ತ ಸೊಂಟಕ್ಕೆ ಕೈಹಾಕುತ್ತಾನೆ, ಪಿಸ್ತೂಲು ಇರುವುದಿಲ್ಲ. ನಾವೂ ನಕ್ಕಿದ್ದೇವೆ. ಆದರೆ ಎರಡನೆಯ ಚಿತ್ರದ ಕಥೆ ನಡೆಯುವುದು 1935ರಲ್ಲಿ, ಮೊದಲನೆಯದು 1936ರಲ್ಲಿ. ಅಂದರೆ ಕೈರೋದ ಘಟನೆ ಜೋನ್ಸ್‌ನ ಬಾಳಿನಲ್ಲಿ ಇನ್ನೂ ನಡೆದೇ ಇಲ್ಲ. ಆ ನಗೆಗೆ ಕಾರಣ ಪಾತ್ರದ ಅನುಭವವಲ್ಲ, ಪ್ರೇಕ್ಷಕರ ನೆನಪು. ಅದೇ ರೀತಿ, ಎರಡನೆಯ ಚಿತ್ರದಲ್ಲಿ ಪವಿತ್ರ ಶಿಲೆಗಳು ಕೈಯಲ್ಲೇ ಕೆಂಡವಾಗುವುದನ್ನು ಕಂಡವನು ಒಂದು ವರ್ಷದ ಬಳಿಕ, ಮೊದಲ ಚಿತ್ರದಲ್ಲಿ, ದೈವಶಕ್ತಿಯ ಮಾತೆತ್ತಿದರೆ ಹಗುರವಾಗಿ ನಗುತ್ತಾನೆ. ನೆರಳು ಎಂದು ನಾವು ಬರೆದದ್ದು ಈ ಅರ್ಥದಲ್ಲಿ.

ಭಾರತದ ವಿಷಯಕ್ಕೆ ಬರೋಣ. ಚಿತ್ರಕಥೆಯನ್ನು ಕಂಡ ನಮ್ಮ ಸರ್ಕಾರ ಬದಲಾವಣೆಗಳಿಲ್ಲದೆ ಅನುಮತಿ ಕೊಡಲೊಪ್ಪದೆ, ಚಿತ್ರತಂಡ ಶ್ರೀಲಂಕಾದ ಕ್ಯಾಂಡಿಗೆ ಹೋಯಿತು. ಹಾಗಾಗಿ ತೆರೆಯ ಮೇಲಿನ ‘ಭಾರತದ ಹಳ್ಳಿಗರು’ ಸಿಂಹಳ ಮಾತನಾಡುತ್ತಾರೆ. ಇದನ್ನು ಕ್ಷಮಿಸಬಹುದು. ಊರೂರಿಗೂ ಅಮ್ಮನ ಗುಡಿಯಿರುವ ನಾಡಿನವರಿಗೆ ಕಾಳಿಯನ್ನು ಬರಿಯ ಪಿಶಾಚಿಯಾಗಿಸಿದ್ದನ್ನು ಸಹಿಸುವುದು ಕಷ್ಟ, ಆದರೂ ಅದನ್ನೂ ಸದ್ಯಕ್ಕೆ ಬದಿಗಿಡೋಣ. ಪಾಂಕೋಟ್ ಅರಮನೆಯ ಔತಣವನ್ನು ಕೇವಲ ಕಥೆ ಹೇಳುವ ಕಸುಬಿನ ದೃಷ್ಟಿಯಿಂದ ನೋಡಿ. ಮೇಜಿನ ಒಂದು ತುದಿಯಲ್ಲಿ ಜೋನ್ಸ್ ಮತ್ತು ದಿವಾನ (ರೋಷನ್ ಸೇಠ್) ಥಗ್ಗರ (ಕಾಳಿಯ ಹೆಸರಿನಲ್ಲಿ ಕೊಲ್ಲುವ ಪಂಥದವರ) ಬಗ್ಗೆ, ಹಳ್ಳಿಯಿಂದ ಕದ್ದ ಶಿಲೆಯ ಬಗ್ಗೆ ಬಿಗುವಿನಿಂದ ಮಾತನಾಡುತ್ತಾರೆ. ಇಡೀ ಕಥೆಯ ಗಂಟು ಇರುವುದು ಆ ಮಾತಿನಲ್ಲೇ. ಇನ್ನೊಂದು ತುದಿಯಲ್ಲಿ ಹಾವಿನ ಹೊಟ್ಟೆಯಿಂದ ಮರಿಗಳು, ಜೀರುಂಡೆ, ಕಣ್ಣುಗುಡ್ಡೆಯ ಸೂಪು, ಕೋತಿಯ ಮಿದುಳು ಒಂದಾದ ಮೇಲೊಂದು ಬರುತ್ತವೆ. ಹಿಂದೂ ರಾಜನ ಪಂಕ್ತಿಯಲ್ಲಿ ಇದೆಲ್ಲ ಇರದು ಎಂಬುದಕ್ಕಿಂತ, ಆ ವಾಕರಿಕೆಯ ಗದ್ದಲದಲ್ಲಿ ದಿವಾನನ ಮಾತು ಯಾರ ಕಿವಿಗೂ ಬೀಳುವುದಿಲ್ಲ ಎಂಬುದು ನಮ್ಮ ದೂರು. ಬರೀ ಸಿಟ್ಟಾಗಿದ್ದರೆ ಇಷ್ಟು ವಿವರಿಸುವ ಅಗತ್ಯವಿರಲಿಲ್ಲ.

ಅಮರೀಶ್ ಪುರಿಯವರ ವಿಷಯದಲ್ಲಿ ನಿಮ್ಮ ಮಾತೇ ಸರಿ. ಗಿರೀಶ ಕಾರ್ನಾಡರ ‘ಕಾಡು’ (1973) ಚಿತ್ರದ ಗೌಡನನ್ನು ಬಲ್ಲ ಕನ್ನಡಿಗರಿಗೆ ಆ ನಟನ ಕಣ್ಣುಗಳ ಬಿರುಸು ಹೊಸದಲ್ಲ. ಈ ಪಾತ್ರಕ್ಕಾಗಿ ಅವರು ತಲೆ ಬೋಳಿಸಿಕೊಂಡರು, ಮುಂದೆ ಆ ರೂಪವನ್ನೇ ಉಳಿಸಿಕೊಂಡರು. ಮೊದಲ ಚಿತ್ರದ ನಯವಾದ ಫ್ರೆಂಚ್ ಖಳನಿಗಿಂತ ಅವರ ಮೋಲಾ ರಾಮ್ ಎಂಬ ಥಗ್ಗರ ಪುರೋಹಿತ ಹೆಚ್ಚು ಭಯ ಹುಟ್ಟಿಸುತ್ತಾನೆ. ಅಲ್ಲದೆ, ನೀವು ಹೇಳದೆ ಬಿಟ್ಟ ಒಂದು ಗುಣವೂ ಈ ಚಿತ್ರಕ್ಕಿದೆ: ಹಣ, ಕೀರ್ತಿಯ ಆಸೆಯಿಂದ ಹೊರಟ ಜೋನ್ಸ್ ಇಲ್ಲಿ ಶಿಲೆಯನ್ನು ಹಳ್ಳಿಗೇ ಒಪ್ಪಿಸುತ್ತಾನೆ, ವಸ್ತುಸಂಗ್ರಹಾಲಯಕ್ಕಲ್ಲ. ಮೊದಲ ಚಿತ್ರದಲ್ಲಿ ಇಂಥ ತಿರುವಿಲ್ಲ.

ಮಕ್ಕಳಿಗೆ 1981ರ ಚಿತ್ರವನ್ನೇ ಮೊದಲು ತೋರಿಸಿ. ಕಥೆಯ ಇಸವಿಯನ್ನು ಲೆಕ್ಕಕ್ಕೆ ಹಿಡಿಯಬೇಡಿ, ಪಿಸ್ತೂಲಿಲ್ಲದ ಖಾಲಿ ಒರೆಯ ಹಾಸ್ಯ ಅರ್ಥವಾಗುವುದು ಆಗಲೇ. ಕೊನೆಯಲ್ಲಿ ಮುಖಗಳು ಕರಗುವಾಗ ಚಿಕ್ಕವನ ಕಣ್ಣಿಗೆ ಕೈ ಅಡ್ಡ ಹಿಡಿದರೆ ಸಾಕು. ಎರಡನೆಯದರಲ್ಲಿ ಜೀವಂತ ಮನುಷ್ಯನ ಎದೆಯಿಂದ ಹೃದಯ ಕೀಳುವ ದೃಶ್ಯವಿದೆ. ಅಮೆರಿಕದಲ್ಲಿ 1984ರ ಜುಲೈನಲ್ಲಿ ಪಿಜಿ-13 (ಹದಿಮೂರರ ಒಳಗಿನ ಮಕ್ಕಳ ಬಗ್ಗೆ ಹೆತ್ತವರನ್ನು ಎಚ್ಚರಿಸುವ) ಎಂಬ ಹೊಸ ಚಿತ್ರವರ್ಗ ಜಾರಿಗೆ ಬರಲು ಈ ಚಿತ್ರವೂ ಒಂದು ಕಾರಣ. ಹದಿಮೂರರ ಮಗಳು ನೋಡಲಿ. ಎಂಟರ ಮಗ ಇನ್ನೂ ಕೆಲವು ವರ್ಷ ಕಾಯಲಿ.

— ಸಂ.